ಸಂಡಿಗೆ ಬಿಸಿಲು, ಲ್ಯಾಬಿನ ಅಂಕಿ

ಚಿಕ್ಕಮ್ಮನಿಗೆ ನೆಲದಿಂದ ಏಳುವುದೇ ಕಷ್ಟವಾಗಿ ಎರಡು ವರ್ಷವಾಗಿತ್ತು. ಕೂತವರು ಏಳಬೇಕಾದರೆ ಮೊದಲು ಎರಡೂ ಕೈ ನೆಲಕ್ಕೆ ಊರಬೇಕು, ಆಮೇಲೆ ಮೊಣಕಾಲು ಹಿಡಿಯಬೇಕು, ಆಮೇಲೆ ಮಂಚದ ಅಂಚು. ಮೆಟ್ಟಿಲ ಮುಂದೆ ನಿಂತರೆ ತೊಡೆಗಳು ಮಾತು ಕೇಳುತ್ತಿರಲಿಲ್ಲ. ಹಾಸನದ ಕಡೆಯ ಹಳ್ಳಿಯಲ್ಲಿ ಮೂವತ್ತು ವರ್ಷ ಹೊಲದ ಕಳೆ ಕಿತ್ತವರು ಅವರು. ಚಿಕ್ಕಪ್ಪ ತೀರಿಕೊಂಡ ಮೇಲೆ ಬೆಂಗಳೂರಿಗೆ, ಮಗನ ಬಾಡಿಗೆ ಮನೆಗೆ ಬಂದಿದ್ದರು. ಎದುರು ಕಟ್ಟಡ ಕೈಗೆಟಕುವಷ್ಟು ಹತ್ತಿರ. ಹಗಲಲ್ಲೂ ಅಡುಗೆಮನೆಯಲ್ಲಿ ದೀಪ ಹಾಕಬೇಕು. ತೋರಿಸಿದಲ್ಲೆಲ್ಲ ವಾಯು ಎಂದರು, ವಯಸ್ಸು ಎಂದರು. ಸೊಂಟಕ್ಕೆ ಬೆಲ್ಟು ಬಂತು, ನೋವಿನ ಮಾತ್ರೆ ಬಂತು. ಚಿಕ್ಕಮ್ಮ ಮಾತ್ರ ಏಳಲಿಲ್ಲ.

ಅದೇ ಎರಡು ವರ್ಷದಲ್ಲಿ ನಾನು ಎರಡು ಸಲ ವಿಟಮಿನ್ ಡಿ ಪರೀಕ್ಷೆ ಮಾಡಿಸಿಕೊಂಡಿದ್ದೆ. ನನಗೆ ಏನೂ ಆಗಿರಲಿಲ್ಲ. ಕಚೇರಿಯವರು ಗೊತ್ತುಮಾಡಿದ ಹೆಲ್ತ್ ಪ್ಯಾಕೇಜಿನಲ್ಲಿ ಅದೂ ಇತ್ತು, ಅಷ್ಟೆ. ಮೊದಲ ಸಲ 18.6 ಬಂತು. ಪಕ್ಕದಲ್ಲಿ ಕೆಂಪು ಬಾಣ, ಕೆಳಮುಖವಾಗಿ. ಆ ಬಾಣ ನೋಡಿದ ರಾತ್ರಿ ನನ್ನ ಮೊಣಕಾಲು ನಿಜಕ್ಕೂ ನೋಯತೊಡಗಿತು. ಪರೀಕ್ಷೆ ಬೇಡದವಳ ತೋಳಿಗೆ ಎರಡು ಸಲ ಸೂಜಿ ಹೋಯಿತು, ಬೇಕಿದ್ದವರ ತೋಳಿಗೆ ಒಂದು ಸಲವೂ ಹೋಗಲಿಲ್ಲ. ಈ ಲೇಖನಕ್ಕೆ ನನ್ನನ್ನು ಕೂರಿಸಿದ್ದು ಆ ಅದಲುಬದಲಿನ ನೋವು.

ಲ್ಯಾಬಿನವರು ಆ ಮೂರು ಮಿಲಿಲೀಟರ್ ರಕ್ತದಲ್ಲಿ ಅಳೆಯುವುದು ಏನನ್ನು? ಚರ್ಮದ ಕೊಬ್ಬಿನಂಥ ಒಂದು ವಸ್ತುವಿಗೆ ಸೂರ್ಯನ ನೇರಳಾತೀತ ‘ಬಿ’ ಕಿರಣ ತಾಗಿದಾಗ ವಿಟಮಿನ್ ಡಿ ಹುಟ್ಟುತ್ತದೆ. ಅದು ಪಿತ್ತಜನಕಾಂಗಕ್ಕೆ ಹೋಗಿ ‘25-ಹೈಡ್ರಾಕ್ಸಿ ವಿಟಮಿನ್ ಡಿ’ ಆಗಿ ರಕ್ತದಲ್ಲಿ ವಾರಗಟ್ಟಲೆ ಓಡಾಡಿಕೊಂಡಿರುತ್ತದೆ. ಬೇಕೆಂದಾಗ ಮೂತ್ರಪಿಂಡ ಅದನ್ನು ತೆಗೆದುಕೊಂಡು ‘1,25-ಡೈಹೈಡ್ರಾಕ್ಸಿ’ ಎಂಬ ಕೆಲಸದ ರೂಪಕ್ಕೆ ತಿರುಗಿಸುತ್ತದೆ. ಕರುಳಿನಿಂದ ಕ್ಯಾಲ್ಸಿಯಂ ಹೀರಿಸುವುದು ಈ ಕೊನೆಯದು. ಅದರ ಆಯಸ್ಸು ಕೆಲವೇ ಗಂಟೆ.

ಹಳೇ ಮೈಸೂರಿನ ಕಡೆಯವರಿಗೆ ಇದನ್ನು ಹಗೇವಿನ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ನೆಲದಡಿಯ ಹಗೇವಿನಲ್ಲಿ ವರ್ಷಗಟ್ಟಲೆಗೆ ತುಂಬಿಟ್ಟ ರಾಗಿ ‘25’. ಇವತ್ತಿನ ತಟ್ಟೆಯ ಮುದ್ದೆ ‘1,25’. ಮನೆಯಲ್ಲಿ ಬರ ಬಂದಿದೆಯೋ ಇಲ್ಲವೋ ತಿಳಿಯಬೇಕಾದರೆ ತಟ್ಟೆ ನೋಡಿದರೆ ಸಾಲದು. ಹಗೇವು ಬರಿದಾಗುತ್ತಾ ಬಂದರೂ ತಾಯಿ ಹೇಗೋ ಹೊಂದಿಸಿ ಮುದ್ದೆ ಬಡಿಸುತ್ತಾಳೆ. ದೇಹದಲ್ಲಿ ಆ ತಾಯಿಯ ಕೆಲಸ ಪ್ಯಾರಾಥೈರಾಯ್ಡ್ ಗ್ರಂಥಿಯದು. ಕ್ಯಾಲ್ಸಿಯಂ ಇಳಿಯುತ್ತಿದೆ ಎಂದರೆ ಅದರ ಹಾರ್ಮೋನು ಏರುತ್ತದೆ, ಮೂತ್ರಪಿಂಡವನ್ನು ಅವಸರಪಡಿಸುತ್ತದೆ, ಸಾಲದೆ ಬಂದರೆ ಮೂಳೆಯನ್ನೇ ಕರಗಿಸಿ ರಕ್ತಕ್ಕೆ ಕೊಡುತ್ತದೆ. ಹಾಗಾಗಿ ಕೊರತೆ ಇದ್ದವರಲ್ಲೂ ‘1,25’ ಸರಿಯಾಗಿಯೇ ಇರಬಹುದು, ಹೆಚ್ಚೂ ಇರಬಹುದು. ಮೂತ್ರಪಿಂಡದ ಕಾಯಿಲೆಯಂಥ ಕೆಲವು ಸಂದರ್ಭ ಬಿಟ್ಟರೆ ಕೊರತೆ ತಿಳಿಯಲು ಆ ಪರೀಕ್ಷೆ ಕೆಲಸಕ್ಕೆ ಬಾರದು. ಚೀಟಿಯಲ್ಲಿ ಯಾವುದನ್ನು ಬರೆದಿದ್ದಾರೆ ಎಂದು ಒಮ್ಮೆ ನೋಡಿಕೊಳ್ಳಿ. ಹೆಸರುಗಳು ಅಷ್ಟು ಹತ್ತಿರ ಇರುವುದರಿಂದ ತಪ್ಪು ಆಗುತ್ತದೆ, ದುಡ್ಡೂ ಹೋಗುತ್ತದೆ.

ಹಗೇವಿನ ಆಳ ಅಳೆಯಲು ಬಂದಿದ್ದು ತೀರಾ ಈಚೆಗೆ. 1922ರಲ್ಲೇ ಅಮೆರಿಕದ ಮೆಕಾಲಮ್ ಈ ಜೀವಸತ್ವಕ್ಕೆ ‘ಡಿ’ ಎಂದು ಹೆಸರಿಟ್ಟಾಗಿತ್ತು. ‘25’ರ ರೂಪ ಗೊತ್ತಾಗಿದ್ದು 1968ರಲ್ಲಿ, ವಿಸ್ಕಾನ್ಸಿನ್‌ನ ಡಿಲೂಕಾ ಅವರ ಪ್ರಯೋಗಾಲಯದಲ್ಲಿ. ರಕ್ತದಲ್ಲಿ ಅಳೆಯುವ ದಾರಿ ಬಂದಿದ್ದು 1971ರಲ್ಲಿ. ಅದಕ್ಕೆ ಮುಂಚೆ ವೈದ್ಯರಿಗೆ ಇದ್ದಿದ್ದು ಕಣ್ಣು ಮಾತ್ರ. ಆ ಕಣ್ಣು ಸಾಮಾನ್ಯವಾಗಿರಲಿಲ್ಲ. 1922ರಲ್ಲಿ ಹಚಿಸನ್ ಮತ್ತು ಷಾ ಎಂಬ ಇಬ್ಬರು ವೈದ್ಯರು ನಾಸಿಕ್ ಕಡೆಯ ಮಕ್ಕಳನ್ನು ನೋಡಿ ಬರೆದರು: ಗೋಷಾ ಪದ್ಧತಿಯ ಉಳ್ಳವರ ಮನೆಗಳಲ್ಲಿ, ಒಳಗೇ ಬೆಳೆದ ಮಕ್ಕಳಿಗೆ ಕಾಲು ಬಾಗುವ ರಿಕೆಟ್ಸ್. ಹೊಟ್ಟೆಗೆ ಸರಿಯಾಗಿಲ್ಲದೆಯೂ ಬಯಲಲ್ಲಿ ಬೆಳೆದ ಬಡವರ ಮಕ್ಕಳಲ್ಲಿ ಅದು ಅಪರೂಪ. ಒಂದು ಹನಿ ರಕ್ತವನ್ನೂ ಪರೀಕ್ಷಿಸದೆ ಕಂಡುಕೊಂಡ ಸತ್ಯ ಇದು.

ಬಿಸಿಲಿನ ದೇಶದಲ್ಲಿ ಕೊರತೆ ಎಲ್ಲಿಂದ ಬರಬೇಕು ಎಂದು ನಂತರದ ಬಹಳ ಕಾಲ ನಾವು ಸುಮ್ಮನಿದ್ದೆವು. 2000ದಲ್ಲಿ ದೆಹಲಿಯ ಏಮ್ಸ್‌ನ ರವೀಂದರ್ ಗೋಸ್ವಾಮಿ ಮತ್ತು ಸಂಗಡಿಗರ ಅಧ್ಯಯನ ಆ ನಂಬಿಕೆಯನ್ನು ಅಲುಗಿಸಿತು. ಬಯಲಲ್ಲಿ ತಾಲೀಮು ಮಾಡುವ ಸೈನಿಕರ ಮಟ್ಟ ಸುಮಾರಾಗಿತ್ತು. ಅದೇ ಊರಿನ ಆಸ್ಪತ್ರೆಯೊಳಗೆ ದುಡಿಯುವ ಡಾಕ್ಟರು, ನರ್ಸುಗಳ ಮಟ್ಟ ತೀರಾ ತಳ ಕಂಡಿತ್ತು. ತಿರುಪತಿಯಲ್ಲಿ ಹರಿನಾರಾಯಣ್ ಅವರ ತಂಡಕ್ಕೂ ಕಂಡಿದ್ದು ಇಂಥದ್ದೇ: ಹಳ್ಳಿಯವರಿಗಿಂತ ಪೇಟೆಯವರಲ್ಲಿ ಕಡಿಮೆ.

ಆ ತಂಡವೇ ಇನ್ನೊಂದು ಕೆಲಸ ಮಾಡಿತು. ಯಾವ ಹೊತ್ತಿನ ಬಿಸಿಲಿಗೆ ಡಿ ಹುಟ್ಟುತ್ತದೆ ಎಂದು ಅಳೆದು ನೋಡಿತು. ತಿರುಪತಿಯೂ ನಮ್ಮ ಬೆಂಗಳೂರೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, 13 ಡಿಗ್ರಿಯ ಆಸುಪಾಸು. ಆದ್ದರಿಂದ ಅಲ್ಲಿಯ ಉತ್ತರ ನಮಗೂ ಸಲ್ಲುತ್ತದೆ: ಹನ್ನೊಂದರಿಂದ ಎರಡು ಗಂಟೆ. ಇದನ್ನು ಓದಿದಾಗ ನನಗೆ ಮೊದಲು ನೆನಪಾಗಿದ್ದು ಎಳೆಬಿಸಿಲು. ಎಣ್ಣೆ ನೀರು ಹಾಕಿದ ಕೂಸನ್ನು ಜಗಲಿಯ ಎಳೆಬಿಸಿಲಿಗೆ ಮಲಗಿಸಿ ‘ಮೂಳೆ ಗಟ್ಟಿಯಾಗುತ್ತೆ’ ಎನ್ನುವುದು ನಮ್ಮಲ್ಲಿ ಮನೆಮನೆಯ ಮಾತು. ಓರೆಯಾಗಿ ಬರುವ ಬೆಳಗಿನ ಬಿಸಿಲು ಗಾಳಿಯ ದಪ್ಪ ಪದರ ದಾಟಿ ಬರಬೇಕು, ‘ಬಿ’ ಕಿರಣ ಓಜೋನಿನಲ್ಲೇ ಬಹುಪಾಲು ಉಳಿದುಬಿಡುತ್ತದೆ. ಕೂಸಿಗೆ ಬೆಚ್ಚಗಾಗುತ್ತದೆ, ಅಜ್ಜಿಗೆ ಹಿತವಾಗುತ್ತದೆ, ಡಿ ಮಾತ್ರ ಅಷ್ಟಾಗಿ ಹುಟ್ಟುವುದಿಲ್ಲ. ಹಾಗೆಂದು ಹಸುಗೂಸನ್ನು ನಡುಹಗಲಿಗೆ ಒಡ್ಡುವಂತಿಲ್ಲ. ಮೊದಲ ಒಂದು ವರ್ಷ ಮಕ್ಕಳ ವೈದ್ಯರು ದಿನಕ್ಕೆ 400 ಯೂನಿಟ್‌ನ ಹನಿ ಕೊಡಿ ಎನ್ನುವುದು ಇದಕ್ಕೇ. ಎದೆಹಾಲಿನಲ್ಲಿ ಎಲ್ಲವೂ ಇದೆ, ಡಿ ಮಾತ್ರ ಸಾಲುವಷ್ಟಿಲ್ಲ.

ದೊಡ್ಡವರಿಗೆ ಒಂದು ಸುಲಭದ ಗುರುತು ಇದೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಆ ಬಿಸಿಲಿನಲ್ಲಿ ಡಿ ಇದೆ. ಕಿಟಕಿಯ ಗಾಜಿನ ಹಿಂದೆ ಕೂತರೆ ಇಲ್ಲ, ಗಾಜು ‘ಬಿ’ ಕಿರಣವನ್ನು ಬಿಡುವುದಿಲ್ಲ. ಕಪ್ಪು ಮೈಬಣ್ಣದವರಿಗೆ ಬಿಳಿಯರಿಗಿಂತ ಹೆಚ್ಚು ಹೊತ್ತು ಬೇಕು.

ಇನ್ನು ಅಂಕಿಯ ವಿಚಾರ. ನನ್ನ 18.6ರ ಪಕ್ಕ ಕೆಂಪು ಬಾಣ ಬಿದ್ದಿದ್ದು ಏಕೆ ಎಂದು ಹುಡುಕುತ್ತಾ ಹೋದೆ. ರಿಪೋರ್ಟಿನಲ್ಲಿ ‘30ರಿಂದ 100: ಸಾಕಷ್ಟು’ ಎಂದಿತ್ತು. ಆ 30 ಬಂದಿದ್ದು 2011ರಲ್ಲಿ ಅಮೆರಿಕದ ಎಂಡೋಕ್ರೈನ್ ಸೊಸೈಟಿ ಕೊಟ್ಟ ಮಾರ್ಗಸೂಚಿಯಿಂದ. ಸರಿಸುಮಾರು ಅದೇ ಹೊತ್ತಿಗೆ ಅಲ್ಲಿಯ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಬೇರೆಯದೇ ಮಾತು ಹೇಳಿತ್ತು: ಮಿಲಿಲೀಟರಿಗೆ 20 ನ್ಯಾನೋಗ್ರಾಂ ಇದ್ದರೆ ನೂರಕ್ಕೆ 97 ಜನರ ಮೂಳೆಗೆ ಸಾಕು. ಅಂದರೆ ಬಹುಪಾಲು ಜನರಿಗೆ ಅದಕ್ಕಿಂತ ಕಡಿಮೆಯೇ ಸಾಕು, ಸರಾಸರಿ ಅಗತ್ಯ 16ರ ಹತ್ತಿರ. ನಿಜವಾದ ಅಪಾಯ 12ರ ಕೆಳಗೆ. ನಮ್ಮ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯೂ ಮಕ್ಕಳಲ್ಲಿ 12ಕ್ಕಿಂತ ಕಡಿಮೆ ಇದ್ದರೆ ಮಾತ್ರ ಕೊರತೆ ಎನ್ನುತ್ತದೆ. ಒಂದೇ ರಕ್ತ, ಒಂದೇ ದಿನ, ಗೆರೆ ಎಲ್ಲಿ ಎಳೆದರು ಎಂಬುದರ ಮೇಲೆ ನಾನು ರೋಗಿ ಅಥವಾ ಆರೋಗ್ಯವಂತೆ. ಗೆರೆಯನ್ನು 30ಕ್ಕೆ ಇಟ್ಟಾಗ ಊರಿಗೆ ಊರೇ ಕೊರತೆಯವರ ಪಟ್ಟಿಗೆ ಸೇರಿತು. 2024ರಲ್ಲಿ ಅದೇ ಎಂಡೋಕ್ರೈನ್ ಸೊಸೈಟಿ 30ರ ಗುರಿಯನ್ನು ಕೈಬಿಟ್ಟಿತು. ಆರೋಗ್ಯವಾಗಿರುವವರು ವಾಡಿಕೆಯಂತೆ ಈ ಪರೀಕ್ಷೆ ಮಾಡಿಸುವುದು ಬೇಡ ಎಂದೂ ಹೇಳಿತು. ನಮ್ಮ ಹಲವು ಲ್ಯಾಬುಗಳ ಹಾಳೆಯಲ್ಲಿ ಮಾತ್ರ ಆ 30 ಇನ್ನೂ ಹಾಗೇ ಇದೆ.

ಅಮೆರಿಕದಲ್ಲಿ 25,871 ಜನರನ್ನು ಸರಾಸರಿ ಐದು ವರ್ಷ ಹಿಂಬಾಲಿಸಿದ ‘ವೈಟಲ್’ ಪ್ರಯೋಗದ ಫಲಿತಾಂಶ ನನ್ನ ಗಾಬರಿಯನ್ನು ತಣ್ಣಗಾಗಿಸಿತು. ಕೊರತೆ ಇದೆಯೇ ಎಂದು ಆರಿಸದೆ ಸೇರಿಸಿಕೊಂಡ ನಡುವಯಸ್ಸು ದಾಟಿದವರಿಗೆ ದಿನಾ 2,000 ಯೂನಿಟ್ ಕೊಟ್ಟರೂ ಮೂಳೆ ಮುರಿಯುವುದು ಕಡಿಮೆಯಾಗಲಿಲ್ಲ. ತುಂಬಿದ ಹಗೇವಿಗೆ ಇನ್ನಷ್ಟು ರಾಗಿ ಸುರಿದು ಫಲವಿಲ್ಲ. ಆಸ್ಟ್ರೇಲಿಯಾದಲ್ಲಿ 2000ದಿಂದ 2010ರ ಹೊತ್ತಿಗೆ ಈ ಪರೀಕ್ಷೆ ಸುಮಾರು ತೊಂಬತ್ತು ಪಟ್ಟು ಏರಿತ್ತು. 2014ರಲ್ಲಿ ಸರ್ಕಾರ, ಅಗತ್ಯ ಇರುವವರಿಗೆ ಮಾತ್ರ ಹಣ ಕೊಡುತ್ತೇನೆ ಎಂದಿತು. ನಮ್ಮಲ್ಲಿ ಬಿಡಿಯಾಗಿ ಮಾಡಿಸಿದರೆ ಸಾವಿರ ರೂಪಾಯಿಯ ಆಸುಪಾಸು, ಕೆಲವೆಡೆ ಇನ್ನೂ ಹೆಚ್ಚು. ಅದು ಜನರ ಜೇಬಿನಿಂದಲೇ ಹೋಗುವ ಹಣ.

ಹಾಗಾದರೆ ಯಾರು ಮಾಡಿಸಬೇಕು? ಮೂಳೆಯೊಳಗೇ ನೋವು, ತೊಡೆ ಸೊಂಟದ ಬಲಹೀನತೆ, ಕಾಲು ಬಾಗುತ್ತಿರುವ ಮಗು, ಸಣ್ಣ ಪೆಟ್ಟಿಗೆ ಮುರಿದ ಮೂಳೆ. ಮೂತ್ರಪಿಂಡ, ಪಿತ್ತಜನಕಾಂಗ, ಕರುಳಿನ ದೀರ್ಘ ಕಾಯಿಲೆ. ಫಿಟ್ಸ್‌ಗೆ ಫಿನಿಟೋಯಿನ್, ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿರುವವರು. ಇವರಿಗೆ ಆ ಅಂಕಿ ದಾರಿ ತೋರಿಸುತ್ತದೆ. ಉಪವಾಸ ಬೇಕಿಲ್ಲ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಹೇಳಿ, ಕೆಲವು ಯಂತ್ರಗಳಲ್ಲಿ ಅದು ಇಲ್ಲದ ಡಿಯನ್ನು ಇದೆ ಎಂದು ತೋರಿಸುತ್ತದೆ. ಒಂದು ಲ್ಯಾಬಿನ 17ಕ್ಕೂ ಇನ್ನೊಂದರ 21ಕ್ಕೂ ಜಗಳ ಹಚ್ಚಬೇಡಿ, ವಿಧಾನ ಬದಲಾದರೆ ಅಷ್ಟು ವ್ಯತ್ಯಾಸ ಸಹಜ. ಮಾತ್ರೆ ಶುರುಮಾಡಿ ಮೂರು ತಿಂಗಳಾಗದೆ ಮತ್ತೆ ಅಳೆಸಿದರೂ ಅರ್ಥವಿಲ್ಲ.

ಅಳತೆಯ ಹೆಸರನ್ನೂ ನೋಡಬೇಕು. ನನ್ನ ಗೆಳತಿಯ ಮಗ ಮ್ಯಾಂಚೆಸ್ಟರಿನಲ್ಲಿದ್ದಾನೆ. ಅವನ ರಿಪೋರ್ಟಿನಲ್ಲಿ 45, ಮೈಸೂರಿನಲ್ಲಿರುವ ಅವಳದ್ದು 20. ‘ನಿನಗೆ ನನ್ನ ಎರಡರಷ್ಟಿದೆ ಕಣೋ, ಸದ್ಯ’ ಎಂದು ಫೋನಿನಲ್ಲಿ ನೆಮ್ಮದಿಪಟ್ಟಳು. ಅಲ್ಲಿ ಲೀಟರಿಗೆ ನ್ಯಾನೋಮೋಲ್‌ನಲ್ಲಿ ಬರೆಯುತ್ತಾರೆ, ಎರಡೂವರೆಯಿಂದ ಭಾಗಿಸಿದರೆ ನಮ್ಮ ಲೆಕ್ಕ. ಮಗನದ್ದು 18. ಅಕ್ಟೋಬರಿನಿಂದ ಮಾರ್ಚಿನವರೆಗೆ ಆ ನಾಡಿನ ಬಿಸಿಲಿನಲ್ಲಿ ಡಿ ಹುಟ್ಟಿಸುವ ಶಕ್ತಿಯೇ ಇರುವುದಿಲ್ಲ. ಆ ತಿಂಗಳುಗಳಲ್ಲಿ ದಿನಕ್ಕೆ 400 ಯೂನಿಟ್ ತೆಗೆದುಕೊಳ್ಳಿ ಎಂದು ಅಲ್ಲಿಯ ಸರ್ಕಾರವೇ ಜನರಿಗೆ ಹೇಳುತ್ತದೆ.

ಮಾತ್ರೆಯ ಬಗ್ಗೆ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳಬೇಕು. ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಿಗುವ 60,000 ಯೂನಿಟ್‌ನ ಪುಡಿ, ಕ್ಯಾಪ್ಸೂಲು ಸಾಮಾನ್ಯವಾಗಿ ವಾರಕ್ಕೊಂದು, ಎಂಟು ವಾರ. ಅದನ್ನು ದಿನಾ ನುಂಗುವವರಿದ್ದಾರೆ, ವರ್ಷಗಟ್ಟಲೆ ನಿಲ್ಲಿಸದವರಿದ್ದಾರೆ. ರಕ್ತದ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ತೀರದ ದಾಹ, ಕೊನೆಗೆ ಮೂತ್ರಪಿಂಡಕ್ಕೇ ಕುತ್ತು. ವರ್ಷಕ್ಕೊಮ್ಮೆ ಒಂದೇ ಸಲ ಐದು ಲಕ್ಷ ಯೂನಿಟ್ ಪಡೆದ ಆಸ್ಟ್ರೇಲಿಯಾದ ವೃದ್ಧೆಯರು ಹೆಚ್ಚಾಗಿ ಬಿದ್ದರು, ಹೆಚ್ಚಾಗಿ ಮೂಳೆ ಮುರಿದುಕೊಂಡರು ಎಂದು 2010ರ ಅಧ್ಯಯನ ತೋರಿಸಿದೆ. ಬಿಸಿಲಿನಿಂದ ಡಿ ಹೀಗೆ ಮಿತಿ ಮೀರುವುದಿಲ್ಲ, ಸಾಕಾದ ಮೇಲೆ ಚರ್ಮವೇ ಹೆಚ್ಚಿನದನ್ನು ಒಡೆದುಹಾಕುತ್ತದೆ.

ಚಿಕ್ಕಮ್ಮನ ರೋಗ ಹಿಡಿದಿದ್ದು ಒಬ್ಬ ಹಿರಿಯ ವೈದ್ಯೆ. ಹಳೆಯ ಎಕ್ಸ್‌ರೇಗಳನ್ನು ಬದಿಗಿಟ್ಟು, ‘ಒಂದ್ಸಲ ಕುಕ್ಕರಗಾಲಲ್ಲಿ ಕೂತು ಏಳಿ ಅಮ್ಮಾ’ ಎಂದರು. ಮೊಣಕಾಲ ಕೆಳಗಿನ ಮೂಳೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಚಿಕ್ಕಮ್ಮ ಕೂಗಿಕೊಂಡರು. ‘ಮನೆಗೆ ಬಿಸಿಲು ಬರುತ್ತಾ?’ ಎಂದು ಕೇಳಿದರು. ಎರಡು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಮೊದಲು ಬರೆದಿದ್ದು ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್, ಎಲ್ಲಾ ಸೇರಿ ಕೆಲವೇ ನೂರು ರೂಪಾಯಿ. ಕೊನೆಯದು ಇರಬೇಕಾದದ್ದರ ಮೂರರಷ್ಟಿತ್ತು. ಮೂಳೆ ಮೆತ್ತಗಾಗುವಾಗ ರಕ್ತಕ್ಕೆ ಏರುವ ಕಿಣ್ವ ಅದು. ಆಮೇಲೆ ವಿಟಮಿನ್ ಡಿ ಬರೆದರು. 5 ಬಂತು. ಆಸ್ಟಿಯೋಮಲೇಶಿಯಾ ಎಂದು ಚೀಟಿಯಲ್ಲಿ ಬರೆದು, ‘ಇದು ವಾಯು ಅಲ್ಲ, ವಾಸಿ ಆಗುತ್ತೆ’ ಎಂದರು. ಚಿಕ್ಕಮ್ಮ ಅಲ್ಲೇ ಅತ್ತುಬಿಟ್ಟರು.

ವಾರಕ್ಕೊಂದು ಪುಡಿ, ಜೊತೆಗೆ ಕ್ಯಾಲ್ಸಿಯಂ. ಮೂಳೆನೋವು ಕೆಲವು ವಾರಗಳಲ್ಲೇ ಇಳಿಯಿತು, ತೊಡೆಗೆ ಬಲ ಬರಲು ತಿಂಗಳುಗಳೇ ಹಿಡಿದವು. ಈ ಸಲ ಶಿವರಾತ್ರಿ ಕಳೆದ ಮೇಲೆ ನಾನು ಹೋದಾಗ ಮನೆಗೆ ಬೀಗ. ಮಹಡಿ ಹತ್ತಿ ತಾರಸಿಗೆ ಹೋದೆ. ಹನ್ನೊಂದೂವರೆಯ ಬಿಸಿಲು. ಹಳೇ ಪಂಚೆಯ ಮೇಲೆ ಅಕ್ಕಿ ಸಂಡಿಗೆ ಸಾಲಾಗಿ ಕೂತಿತ್ತು, ಪಕ್ಕದಲ್ಲಿ ಕಾಗೆ ಓಡಿಸುವ ಕೋಲು. ರವಿಕೆಯ ತೋಳು ಮೇಲೇರಿಸಿಕೊಂಡು ಚಿಕ್ಕಮ್ಮ ಕಾವಲು ಕೂತಿದ್ದರು. ‘ಬಾ ಮಗಾ, ಆ ಕಡೆ ಸಾಲು ಮಗುಚಬೇಕು’ ಎಂದವರು, ಕೈ ನೆಲಕ್ಕೆ ಊರದೆ ಎದ್ದು ಹೊರಟರು.