ಪತ್ತೆಯಾದ ಮಗುವನ್ನು ಕೈಬಿಡುವ ಅಪಾಯ

ಸಾಗರ, ಹೊಸನಗರ, ತೀರ್ಥಹಳ್ಳಿಯ ಅಂಗನವಾಡಿಗಳಲ್ಲಿ ಇನ್ನು ಮುಂದೆ ಆಟಿಸಂ ಇರುವ ಮಕ್ಕಳು ಮೊದಲಿಗಿಂತ ಬೇಗ ಪತ್ತೆಯಾಗಲಿದ್ದಾರೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ ಬಂದು ತಪಾಸಣೆ ಮಾಡಬೇಕೆಂಬ ನಿಯಮವಿದೆ. 2023ರ ನವೆಂಬರ್‌ನಲ್ಲಿ ಬಂದ ಕೇಂದ್ರದ ಹೊಸ ಮಾರ್ಗಸೂಚಿ, ಮಗುವಿನ ಬೆಳವಣಿಗೆಯ ತೊಡಕನ್ನು ಮೊದಲು ಗುರುತಿಸುವ ಹೊಣೆಯನ್ನು ಅಂಗನವಾಡಿ ಕಾರ್ಯಕರ್ತೆಗೇ ವಹಿಸಿದೆ. ಸುಮಾರು ನೂರು ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಎಂಬುದು ಒಪ್ಪಿತ ಅಂದಾಜು. ದೇಶದ ಐದು ಕಡೆ ನಡೆದು 2018ರಲ್ಲಿ ಪ್ರಕಟವಾದ ಸಮೀಕ್ಷೆಯ ಲೆಕ್ಕವೂ ಅದರ ಆಸುಪಾಸಿನದೇ. ಒಂದು ತಾಲ್ಲೂಕಿನಲ್ಲಿ ಹತ್ತು ಸಾವಿರ ಪುಟ್ಟ ಮಕ್ಕಳಿದ್ದರೆ ಸುಮಾರು ನೂರು ಮನೆಗಳ ಮಾತಿದು.

ಪತ್ತೆಯಾಗುವುದು ಒಳ್ಳೆಯದೇ. ನನ್ನ ಆತಂಕ ಅದರ ಮರುದಿನದ್ದು.

ಮೂರೂವರೆ ವರ್ಷದ ಹುಡುಗ ಗೋಡೆಯ ಬದಿಗೆ ಬಾಟಲಿ ಮುಚ್ಚಳ ಸಾಲಾಗಿ ಜೋಡಿಸುತ್ತ ಕೂತಿದ್ದಾನೆ ಎಂದುಕೊಳ್ಳಿ. ಕರೆದರೆ ತಿರುಗುವುದಿಲ್ಲ. ಕಾರ್ಯಕರ್ತೆ ಗಲ್ಲ ಹಿಡಿದು ಮುಖ ತಿರುಗಿಸಿ, ‘ಇಲ್ನೋಡು, ಅಕ್ಕೋರೇ ಅನ್ನು’ ಎಂದು ಜೋರಾಗಿ ಹೇಳಿಸಲು ನೋಡುತ್ತಾರೆ. ಅವನು ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. ಕರೆದೊಯ್ಯಲು ಬಂದ ತಾಯಿಗೆ ಬಾಗಿಲಲ್ಲೇ, ನಾಲ್ಕು ಜನರೆದುರು, ‘ಇವನಿಗೆ ಏನೋ ತೊಂದರೆ ಇದೆ, ಶಿವಮೊಗ್ಗಕ್ಕೆ ತೋರಿಸಿ’ ಎಂಬ ಮಾತು ಬೀಳುತ್ತದೆ. ‘ಅವರಪ್ಪನಿಗೂ ಮಾತು ತಡವಾಗಿಯೇ ಬಂದಿದ್ದು’ ಎಂದು ಮನೆಯ ಹಿರಿಯರು ಸಿಟ್ಟಾಗುತ್ತಾರೆ. ಮಗು ಅಂಗನವಾಡಿಗೆ ಬರುವುದು ಅಲ್ಲಿಗೆ ನಿಲ್ಲುತ್ತದೆ. ಇದರಲ್ಲಿ ಕಾರ್ಯಕರ್ತೆಯ ಕೆಟ್ಟತನವೇನೂ ಇಲ್ಲ. ಮಗುವಿನ ಜೊತೆ, ತಾಯಿಯ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ಆಕೆಗೆ ಯಾರೂ ತೋರಿಸಿಕೊಟ್ಟಿಲ್ಲ.

ಮಲೆನಾಡಿನಲ್ಲಿ ಈ ಕೊಂಡಿ ಕಳಚಿದರೆ ಬೇರೊಂದು ಸಿಗುವುದು ಕಷ್ಟ. ತೋಟದ ನಡುವಿನ ಒಂಟಿ ಮನೆಗಳು, ತಿಂಗಳುಗಟ್ಟಲೆ ಮಳೆ, ಜಿಲ್ಲಾ ಆಸ್ಪತ್ರೆಗೆ ಅರವತ್ತು-ಎಪ್ಪತ್ತು ಕಿಲೋಮೀಟರ್. ಮನೆಯವರನ್ನು ಬಿಟ್ಟರೆ ಮಗು ದಿನವೂ ಕಾಣುವ ದೊಡ್ಡವರೆಂದರೆ ಅಕ್ಕೋರು ಒಬ್ಬರೇ.

ಅವರಂಥವರಿಂದಲೇ ಎಷ್ಟು ಸಾಧ್ಯ ಎಂಬುದಕ್ಕೆ ಪುರಾವೆ ಪಕ್ಕದ ಗೋವಾದಲ್ಲಿದೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳೊಡನೆ ನಡೆದ ಪ್ರಯೋಗವೊಂದರ ಫಲಿತಾಂಶ 2016ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ಯಲ್ಲಿ ಬಂತು. ತಜ್ಞರಲ್ಲದ ಸ್ಥಳೀಯ ಆರೋಗ್ಯ ಕಾರ್ಯಕರ್ತರು ಆರು ತಿಂಗಳಲ್ಲಿ ಹನ್ನೆರಡು ಸಲ ಪೋಷಕರೊಡನೆ ಕೂತರು. ಪೋಷಕರು ಮಗುವಿನೊಡನೆ ಆಡುವುದನ್ನು ವಿಡಿಯೊ ಮಾಡಿ, ಜೊತೆಯಲ್ಲೇ ನೋಡಿ, ಮಗು ಸ್ಪಂದಿಸಿದ ಕ್ಷಣಗಳನ್ನು ಗುರುತಿಸಿದರು. ಪೋಷಕರು ಮಗುವಿನ ಇಷ್ಟವನ್ನು ಅನುಸರಿಸಿ ಮಾತಾಡುವುದು ಹೆಚ್ಚಿತು. ಮಕ್ಕಳು ತಾವಾಗಿಯೇ ಮಾತಿಗೆ, ಸನ್ನೆಗೆ ಮುಂದಾಗುವುದೂ ಹೆಚ್ಚಿತು. ಎಲ್ಲವೂ ಸುಧಾರಿಸಲಿಲ್ಲ, ಇಬ್ಬರ ಗಮನವೂ ಒಂದೇ ಕಡೆ ಇರುವ ಹೊತ್ತು ಕಡಿಮೆಯಾಯಿತು. ಆದರೆ ಈ ವಿಧಾನ ಹುಟ್ಟಿದ ಬ್ರಿಟನ್ನಿನ ಅಧ್ಯಯನವೂ ಮಗುವಿನ ಬದಲಾವಣೆಗೆ ದೊಡ್ಡವರ ನಡವಳಿಕೆ ಬದಲಾದದ್ದೇ ಮುಖ್ಯ ದಾರಿ ಎಂದು ತೋರಿಸಿತ್ತು.

ಗೋವಾದ ಕಾರ್ಯಕರ್ತರು ಇದನ್ನು ಒಂದು ದಿನದ ಭಾಷಣ ಕೇಳಿ ಕಲಿತವರಲ್ಲ. ಮಾಡಿ ಕಲಿತರು, ಕೆಲಸದುದ್ದಕ್ಕೂ ತಿದ್ದುವವರಿದ್ದರು. ಭಾಷಣದ ತರಬೇತಿ ತರಗತಿಯ ತನಕ ಮುಟ್ಟುವುದಿಲ್ಲ ಎಂಬುದು ಶಿಕ್ಷಕರ ಕುರಿತ ಸಂಶೋಧನೆಗಳಲ್ಲೂ ಮತ್ತೆ ಮತ್ತೆ ಕಂಡಿದೆ. ಪಕ್ಕದಲ್ಲಿ ಕೂರುವುದು, ಒಂದು ಮುಚ್ಚಳ ಕೊಟ್ಟು ಐದೆಣಿಸುವಷ್ಟು ಕಾಯುವುದು, ತಾಯಿಯನ್ನು ಒಳಗೆ ಕರೆದು ಮೊದಲು ಆಕೆಯ ಮಾತು ಕೇಳುವುದು, ಇವೆಲ್ಲ ಅಭ್ಯಾಸದಿಂದ ಬರಬೇಕು.

ಕಾರ್ಯಕರ್ತೆಯರ ಪ್ರತಿ ತಿಂಗಳ ವೃತ್ತ ಸಭೆಯಲ್ಲಿ ಒಂದು ಗಂಟೆ, ಪೋಷಕರ ಒಪ್ಪಿಗೆ ಪಡೆದು ತೆಗೆದ ಮೊಬೈಲ್ ವಿಡಿಯೊ, ಅದನ್ನು ಜೊತೆ ಕೂತು ನೋಡಲು ಜಿಲ್ಲೆಯಿಂದ ಬರುವ ಒಬ್ಬ ತಜ್ಞೆ: ಈ ಮೂರು ತಾಲ್ಲೂಕುಗಳಿಗೆ ಇಷ್ಟನ್ನು ತಪಾಸಣೆಯ ಜೊತೆಗೇ ಕೊಡಬೇಕು. ಇಂದು ಮೂರು ತುಂಬಿದ ಮಗು ಇನ್ನು ಮೂರೇ ವರ್ಷಕ್ಕೆ ಅಂಗನವಾಡಿ ದಾಟಿರುತ್ತದೆ.