ಸ್ಟ್ರಾಬೆರಿಯ ಪಾಕವೂ ಕುಕ್ಕರಿನ ಮುಚ್ಚಳವೂ

ಹಣ್ಣನ್ನು ಸಕ್ಕರೆಯೊಡನೆ ಬೇಯಿಸಿ, ನೀರನ್ನು ಇಂಗಿಸಿ, ಸೀಸೆಯಲ್ಲಿ ತುಂಬಿ ತಿಂಗಳುಗಟ್ಟಲೆ ಕಾಪಾಡಿಕೊಳ್ಳುವ ಪದಾರ್ಥಕ್ಕೆ ಜಾಮ್ ಎಂಬ ಹೆಸರು ಇಂಗ್ಲಿಷಿನಿಂದ ಬಂದುದಾದರೂ ಆ ವಿದ್ಯೆಯು ನಮ್ಮ ಮನೆಗಳಿಗೆ ಹೊಸದೇನೂ ಅಲ್ಲ. ದಕ್ಷಿಣ ಕನ್ನಡದವರ ಹಲಸಿನಹಣ್ಣಿನ ಬೆರಟಿ, ಉತ್ತರ ಕರ್ನಾಟಕದವರ ಮಾವಿನ ಗುಳಂಬ, ವೈದ್ಯರ ಭರಣಿಯಲ್ಲಿರುವ ಚ್ಯವನಪ್ರಾಶ, ಇವೆಲ್ಲವೂ ಒಂದೇ ಕುಲದವು. ಕೊಡಗಿನಲ್ಲಿ ಈಚಿನ ವರ್ಷಗಳಲ್ಲಿ ಇದಕ್ಕೆ ಹೆಚ್ಚಿನ ಪ್ರಚಾರ ದೊರೆತಿದೆ. ಮಡಿಕೇರಿಯ ಅಂಗಡಿಗಳಲ್ಲಿ ಜೇನು, ಏಲಕ್ಕಿ, ಕಾಫಿಪುಡಿ, ಕಾಚಂಪುಳಿಗಳ ಪಕ್ಕದಲ್ಲಿ ‘ಮನೆಯಲ್ಲಿ ಮಾಡಿದ್ದು’ ಎಂದು ಚೀಟಿ ಹಚ್ಚಿದ ಜಾಮಿನ ಸೀಸೆಗಳು ಸಾಲಾಗಿ ನಿಂತಿರುತ್ತವೆ. ಅದನ್ನು ಕಂಡು ತಮ್ಮ ಮನೆಯಲ್ಲಿಯೂ ಮಾಡಬೇಕೆಂದು ಹೊರಡುವ ಗೃಹಿಣಿಯರು ಈಗ ಅನೇಕರು. ಅಡಿಗೆಮನೆಯಲ್ಲಿ ಕುಕ್ಕರು ಇದ್ದೇ ಇದೆ; ಹತ್ತು ನಿಮಿಷದಲ್ಲಿ ಜಾಮ್ ಆಗುತ್ತದೆಂದು ಹೇಳಿಕೊಡುವವರಿಗೂ ಕೊರತೆಯಿಲ್ಲ. ಆದರೆ ಪುಷ್ಯ ಮಾಸದಲ್ಲಿ ಹಾಗೆ ಮಾಡಿಟ್ಟ ಸೀಸೆಯು ಕಕ್ಕಡದ ಮಳೆಯಲ್ಲಿ ಬೂಷ್ಟು ಹಿಡಿಯದೆ ಉಳಿಯುವುದೇ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಒಂದು ಕಿಲೋ ಹಣ್ಣು, ಮುಕ್ಕಾಲು ಕಿಲೋ ಸಕ್ಕರೆ, ಅರ್ಧ ದಿನದ ಶ್ರಮ ಇಷ್ಟನ್ನೂ ತಿಪ್ಪೆಗೆ ಸುರಿಯುವ ಪ್ರಸಂಗ ಬರಬಾರದೆಂಬ ಉದ್ದೇಶದಿಂದ ಈ ವಿಷಯವನ್ನು ಸ್ವಲ್ಪ ವಿಶದವಾಗಿ ಬರೆಯುತ್ತಿದ್ದೇನೆ.

ಮೊದಲು ಹಣ್ಣಿನ ವಿಚಾರ. ಇಂದು ನಾವು ಕೊಳ್ಳುವ ಸ್ಟ್ರಾಬೆರಿಯು ಎರಡು ಅಮೆರಿಕಗಳ ಸಂತಾನ. ಫ್ರೆಜಿಯೆ ಎಂಬ ಫ್ರೆಂಚ್ ಸೈನ್ಯದ ಎಂಜಿನಿಯರನು ೧೭೧೪ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದಿಂದ ದಪ್ಪ ಹಣ್ಣಿನ ಕೆಲವು ಗಿಡಗಳನ್ನು ತಂದನು. ಅವು ಫ್ರಾನ್ಸಿನ ತೋಟಗಳಲ್ಲಿ ಉತ್ತರ ಅಮೆರಿಕದ ಸಣ್ಣ ಜಾತಿಯೊಡನೆ ಬೆರೆತು ಈಗಿನ ತಳಿ ಹುಟ್ಟಿತು. ನಾವು ಹಣ್ಣೆಂದು ತಿನ್ನುವುದು ಹೂವಿನ ಪೀಠ ಉಬ್ಬಿದ ಭಾಗ. ಮೇಲೆ ಎಳ್ಳಿನಂತೆ ಕಾಣುವವುಗಳೇ ಸಸ್ಯಶಾಸ್ತ್ರದ ಪ್ರಕಾರ ನಿಜವಾದ ಫಲಗಳು. ಈ ಗಿಡಕ್ಕೆ ತಂಪು ಬೇಕು. ನಮ್ಮ ದೇಶದಲ್ಲಿ ಮಹಾಬಳೇಶ್ವರದ ಗುಡ್ಡಗಳು ಇದಕ್ಕೆ ಪ್ರಸಿದ್ಧವಾಗಿವೆ. ಅಲ್ಲಿಯ ಹಣ್ಣಿಗೆ ೨೦೧೦ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಕೊಡಗಿನ ಹವೆಯಲ್ಲಿ ಮನೆಯಂಗಳದ ಕುಂಡದಲ್ಲಿಯೂ ಗಿಡ ಬದುಕುತ್ತದೆ, ಆದರೆ ಒಂದೇ ದಿನ ಒಂದು ಕಿಲೋ ಹಣ್ಣು ಕುಂಡದಿಂದ ಸಿಕ್ಕುವುದು ಕಷ್ಟ. ಆದ್ದರಿಂದ ಚಳಿಗಾಲದಲ್ಲಿ ಪೇಟೆಗೆ ಬಂದಾಗ ಕೊಳ್ಳುವುದೇ ವಾಸಿ. ಕೊಳ್ಳುವಾಗ ಡಬ್ಬಿಯನ್ನು ತಲೆಕೆಳಗು ಮಾಡಿ ನೋಡತಕ್ಕದ್ದು. ಮೇಲಿನ ಸಾಲು ಮದುವಣಗಿತ್ತಿಯಂತೆ ಕೆಂಪಾಗಿದ್ದು ಕೆಳಗಿನ ಸಾಲು ಕೊಳೆತಿರುವುದುಂಟು.

ಸ್ಟ್ರಾಬೆರಿಯಲ್ಲಿ ನೂರಕ್ಕೆ ಸುಮಾರು ೯೦ ಪಾಲು ನೀರೇ ಇದೆ. ಜಾಮ್ ಕೆಡದೆ ನಿಲ್ಲಬೇಕಾದರೆ ನೂರು ತೂಕ ಪಾಕದಲ್ಲಿ ಸಕ್ಕರೆ ಮೊದಲಾದ ಕರಗಿದ ಸಾರ ೬೫ ತೂಕವಾದರೂ ಇರಬೇಕು. ಆಗ ಬೂಷ್ಟಿನ ಬೀಜಗಳಿಗೆ ಬೆಳೆಯಲು ಬೇಕಾದಷ್ಟು ನೀರು ಸಿಕ್ಕುವುದಿಲ್ಲ. ಇದೇ ಜಾಮಿನ ಮೂಲತತ್ತ್ವ. ಈಗ ಲೆಕ್ಕವನ್ನು ನೋಡೋಣ. ತೊಟ್ಟು ತೆಗೆದ ಹಣ್ಣು ೧೦೦೦ ಗ್ರಾಮ್, ಸಕ್ಕರೆ ೭೫೦ ಗ್ರಾಮ್, ಎರಡು ಮೂರು ನಿಂಬೆಹಣ್ಣಿನ ರಸ ಸುಮಾರು ೪೫ ಗ್ರಾಮ್, ಒಟ್ಟು ೧೭೯೫. ಇದರಲ್ಲಿ ಸಾರವೆಂದರೆ ಸಕ್ಕರೆಯ ೭೫೦, ಹಣ್ಣಿನದು ಸುಮಾರು ೮೦, ನಿಂಬೆಯದು ಅಲ್ಪ. ಈ ಸಾರವು ನೂರಕ್ಕೆ ೬೫ರಂತೆ ಆಗಬೇಕಾದರೆ ಪಾಕದ ಒಟ್ಟು ತೂಕ ಸುಮಾರು ೧೨೮೦ ಗ್ರಾಮಿಗೆ ಇಳಿಯಬೇಕು. ಎಂದರೆ ಅರ್ಧ ಕಿಲೋಗೂ ಮಿಗಿಲಾದ ನೀರು ಆವಿಯಾಗಿ ಹೊರಟುಹೋಗಬೇಕು.

ಇಲ್ಲಿಯೇ ಕುಕ್ಕರಿನ ಮಹಿಮೆಗೆ ಒಂದು ಮಿತಿಯುಂಟಾಗುವುದು. ಡೆನಿಸ್ ಪಾಪಿನ್ ಎಂಬುವನು ೧೬೭೯ರಲ್ಲಿ ಈ ಯಂತ್ರದ ಮೂಲರೂಪವನ್ನು ರಚಿಸಿದ್ದು ಗಟ್ಟಿ ಎಲುಬನ್ನು ಮೆತ್ತಗೆ ಮಾಡುವುದಕ್ಕೋಸ್ಕರ. ನಮ್ಮ ದೇಶದಲ್ಲಿ ೧೯೫೯ರಿಂದೀಚೆಗೆ ಹಾಕಿನ್ಸ್, ಪ್ರೆಸ್ಟೀಜ್ ಕಂಪನಿಗಳು ಇದನ್ನು ತಯಾರಿಸತೊಡಗಿದ ಮೇಲೆ ಮನೆಮನೆಗೂ ಬಂದಿತು. ಆವಿಯನ್ನು ಹೊರಗೆ ಬಿಡದೆ ಒತ್ತಡವನ್ನು ಹೆಚ್ಚಿಸುವುದರಿಂದ ಒಳಗಿನ ನೀರು ೧೨೦ ಡಿಗ್ರಿ ಸೆಂಟಿಗ್ರೇಡಿನ ಸಮೀಪದಲ್ಲಿ ಕುದಿಯುತ್ತದೆ. ಬೇಳೆ ಬೇಗ ಬೇಯುತ್ತದೆ. ಆವಿಯನ್ನು ಹಿಡಿದಿಡುವುದೇ ಇದರ ಕೆಲಸವಾಗಿರುವಾಗ, ಆವಿಯನ್ನು ಹೊರಡಿಸುವ ಕಾರ್ಯಕ್ಕೆ ಮುಚ್ಚಿದ ಕುಕ್ಕರು ಹೇಗೆ ಒದಗೀತು? ಒಂದು ಕೂಗಿನಲ್ಲಿ ಹೊರಡುವ ಆವಿ ಅತ್ಯಲ್ಪ. ಆದುದರಿಂದ ಹತ್ತು ನಿಮಿಷದ ಜಾಮ್ ಎಂಬುದು ವಾಸ್ತವವಾಗಿ ಸಿಹಿಯಾದ ಹಣ್ಣಿನ ಸಾರು. ಅಂದಿಗೆ ರುಚಿಯಾಗಿರಬಹುದು, ಫ್ರಿಜ್ಜಿನಲ್ಲಿಟ್ಟು ನಾಲ್ಕಾರು ದಿನಗಳಲ್ಲಿ ಮುಗಿಸುವವರು ಹಾಗೆಯೇ ಮಾಡಿಕೊಳ್ಳಲಿ, ಬಾಧಕವಿಲ್ಲ.

ಕಾಪಾಡಿ ಇಡಬೇಕೆನ್ನುವವರು ಕುಕ್ಕರನ್ನು ಎರಡು ಹಂತಗಳಲ್ಲಿ ಉಪಯೋಗಿಸತಕ್ಕದ್ದು. ಪಾತ್ರೆಯು ಸ್ಟೀಲಿನದಾಗಿರಲಿ, ಹುಳಿಹಣ್ಣು ಬರಿಯ ಅಲ್ಯೂಮಿನಿಯಮ್ಮನ್ನು ತಿಂದು ಲೋಹದ ವಾಸನೆ ಹಿಡಿಯುತ್ತದೆ. ಹಣ್ಣನ್ನು ಮೊದಲು ತೊಳೆದು ಆಮೇಲೆ ತೊಟ್ಟು ತೆಗೆಯಬೇಕು, ಇಲ್ಲವಾದರೆ ತೊಟ್ಟಿನ ಗುಳಿಯಲ್ಲಿ ನೀರು ನಿಲ್ಲುತ್ತದೆ. ೨೫೦ ಗ್ರಾಮ್ ಸಕ್ಕರೆಯನ್ನೂ ನಿಂಬೆರಸವನ್ನೂ ಅದಕ್ಕೆ ಬೆರಸಿ ತಂಪಾದ ಕಡೆಯಲ್ಲಿ ರಾತ್ರಿಯೆಲ್ಲ ಇಟ್ಟರೆ, ಬೆಳಗ್ಗೆ ಹಣ್ಣು ತನ್ನ ರಸದಲ್ಲಿಯೇ ತೇಲುತ್ತಿರುತ್ತದೆ. ಒಂದು ತೊಟ್ಟು ನೀರೂ ಹಾಕಬೇಕಾಗಿಲ್ಲ. ಅದನ್ನು ಐದು ಲೀಟರಿನ ಕುಕ್ಕರಿಗೆ ಸುರಿದು, ಮುಚ್ಚಳ ಹಾಕದೆ ಕುದಿ ಬರಿಸಿ, ತಳ ಹಿಡಿಯದಂತೆ ಕಲಕಿ, ಅನಂತರ ಮುಚ್ಚಿ ಸಣ್ಣ ಉರಿಯಲ್ಲಿ ಒಂದೇ ಕೂಗು ಕೂಗಿಸಿ ಇಳಿಸಬೇಕು. ಪಾತ್ರೆಯ ಅರ್ಧಕ್ಕಿಂತ ಮೇಲೆ ಎಂದಿಗೂ ತುಂಬಬಾರದು. ಹಣ್ಣಿನ ನೊರೆಯು ಏರಿ ಆವಿಯ ಕೊಳವೆಯನ್ನು ಕಟ್ಟಿದರೆ ಬರುವ ಅಪಾಯ ಸಾಮಾನ್ಯವಾದುದಲ್ಲ. ಒತ್ತಡವು ತಾನಾಗಿ ಇಳಿಯುವವರೆಗೆ ಕಾಯಿರಿ. ವೆಯ್ಟನ್ನು ಎತ್ತಿ ಆವಿ ಬಿಡುವ ಆತುರವನ್ನು ಬೇಳೆಗೆ ಇಟ್ಟುಕೊಳ್ಳಿರಿ, ಸಕ್ಕರೆಯ ಪಾಕಕ್ಕೆ ಬೇಡ. ಅದು ಮೈಮೇಲೆ ಸಿಡಿದರೆ ಅಂಟಿಕೊಂಡು ಸುಡುತ್ತದೆ.

ಮುಚ್ಚಳದ ಕೆಲಸ ಇಲ್ಲಿಗೆ ಮುಗಿಯಿತು. ಅದನ್ನು ತೊಳೆದು ಎತ್ತಿಡಬಹುದು. ಉಳಿದ ೫೦೦ ಗ್ರಾಮ್ ಸಕ್ಕರೆಯನ್ನು ಹಾಕಿ ಸಣ್ಣ ಉರಿಯಲ್ಲಿ ಪೂರ್ತಿಯಾಗಿ ಕರಗಿಸಿ, ಆಮೇಲೆ ಉರಿಯನ್ನು ದೊಡ್ಡದು ಮಾಡಿ ತೆರೆದ ಪಾತ್ರೆಯಲ್ಲಿ ರಭಸದಿಂದ ಕುದಿಸಬೇಕು. ಎತ್ತರವಾದ ಪಾತ್ರೆಯಾದುದರಿಂದ ಹೊರಗೆ ಸಿಡಿಯುವುದು ಕಡಮೆ, ದಪ್ಪ ತಳವಾದುದರಿಂದ ಸೀಯುವುದೂ ಕಡಮೆ. ಸ್ಟ್ರಾಬೆರಿಯ ಮಟ್ಟಿಗೆ ಕುಕ್ಕರಿನಿಂದ ಆಗುವ ನಿಜವಾದ ಉಪಕಾರ ಇದೇ ಎಂದು ನನ್ನ ಅಭಿಪ್ರಾಯ. ಮಂದ ಉರಿಯಲ್ಲಿ ಬಹಳ ಹೊತ್ತು ಬೇಯಿಸಿದರೆ ಕೆಂಪುಬಣ್ಣ ಹೋಗಿ ಕಂದಾಗುತ್ತದೆ, ಪರಿಮಳವೂ ಹಾರಿಹೋಗುತ್ತದೆ. ಒಂದೇ ಸಲಕ್ಕೆ ಮೂರು ನಾಲ್ಕು ಕಿಲೋ ಹಾಕಬೇಡಿರೆಂದು ಹೇಳುವುದೂ ಇದಕ್ಕಾಗಿಯೇ.

ಇನ್ನು ಪಾಕ ಯಾವಾಗ ಸಿದ್ಧವಾಯಿತೆಂದು ತಿಳಿಯುವುದು ಹೇಗೆ? ಇಂಗ್ಲಿಷ್ ಪುಸ್ತಕಗಳಲ್ಲಿ ಉಷ್ಣಮಾಪಕವನ್ನು ಅದ್ದಿ ೧೦೫ ಡಿಗ್ರಿ ಬಂದಾಗ ಇಳಿಸಿ ಎಂದು ಬರೆದಿರುತ್ತದೆ. ಕೊಡಗಿನವರು ಇದನ್ನು ಅಕ್ಷರಶಃ ನಂಬಿದರೆ ಕೆಟ್ಟರು. ಆ ಅಂಕಿ ಸಮುದ್ರಮಟ್ಟದ್ದು. ಸುಮಾರು ೩೦೦ ಮೀಟರು ಮೇಲೇರಿದಂತೆಲ್ಲ ನೀರು ಕುದಿಯುವ ಉಷ್ಣತೆ ಒಂದೊಂದು ಡಿಗ್ರಿ ಇಳಿಯುತ್ತದೆ. ಮಂಗಳೂರಿನಲ್ಲಿ ೧೦೦ ಡಿಗ್ರಿಗೆ ಕುದಿಯುವ ನೀರು ಸುಮಾರು ೧೧೫೦ ಮೀಟರು ಎತ್ತರದ ಮಡಿಕೇರಿಯಲ್ಲಿ ೯೬ಕ್ಕೇ ಕುದಿಯುತ್ತದೆ. ಆದುದರಿಂದ ಮಡಿಕೇರಿಯಲ್ಲಿ ಜಾಮ್ ಸಿದ್ಧವಾಗುವುದು ೧೦೧ ಡಿಗ್ರಿಯ ಸುಮಾರಿನಲ್ಲಿ. ಪುಸ್ತಕವನ್ನು ಹಿಡಿದು ೧೦೫ರವರೆಗೆ ಕಾಯಿಸಿದರೆ ಸಾರವು ನೂರಕ್ಕೆ ೬೫ರ ಬದಲು ೭೫ನ್ನೂ ಮೀರಿ, ಮಾರನೆಯ ದಿನ ಚಮಚ ಇಳಿಯದು, ಸಕ್ಕರೆ ಹರಳುಗಟ್ಟಲೂಬಹುದು. ಉಷ್ಣಮಾಪಕವಿದ್ದವರು ಮೊದಲು ತಮ್ಮ ಮನೆಯ ಬರಿಯ ನೀರು ಎಷ್ಟಕ್ಕೆ ಕುದಿಯುತ್ತದೆಂದು ಅಳೆದು, ಅದಕ್ಕೆ ನಾಲ್ಕೂವರೆ ಐದು ಡಿಗ್ರಿ ಸೇರಿಸಿಕೊಳ್ಳಲಿ.

ಇದಕ್ಕಿಂತ ಸುಲಭವಾದುದು ತಕ್ಕಡಿ. ಬರಿಯ ಕುಕ್ಕರನ್ನು ಸೌಟಿನೊಡನೆ, ಕೆಳಗಿಡುವ ಮರದ ಹಲಗೆಯೊಡನೆ ಮೊದಲೇ ತೂಗಿ ಬರೆದಿಟ್ಟುಕೊಳ್ಳಬೇಕು. ಪಾಕವು ಗಟ್ಟಿಯಾಗುತ್ತ ಬಂದಾಗ ಒಲೆ ಆರಿಸಿ, ತಕ್ಕಡಿಯ ಮೇಲೆ ಹಲಗೆ, ಹಲಗೆಯ ಮೇಲೆ ಕುಕ್ಕರು ಇಟ್ಟು ತೂಗಿ ಬರಿಯ ತೂಕವನ್ನು ಕಳೆದರೆ ಒಳಗಿನ ತೂಕ ತಿಳಿಯುತ್ತದೆ. ೧೨೮೦ ಗ್ರಾಮಿಗೆ ಬಂದಿದ್ದರೆ ಆಯಿತು. ಹೆಚ್ಚಿದ್ದರೆ ಮತ್ತೆ ಒಲೆಗೆ. ಮಡಿಕೇರಿಯಾಗಲಿ ಮಂಗಳೂರಾಗಲಿ ಈ ಲೆಕ್ಕ ಬದಲಾಗದು.

ನಮ್ಮ ಪೂರ್ವಿಕರಿಗೆ ತಕ್ಕಡಿಯೂ ಬೇಕಾಗಿರಲಿಲ್ಲ. ಸಂಸ್ಕೃತದ ಪಾಠ ಹೇಳಿಕೊಂಡು ಬಂದವನಿಗೆ ಜಾಮಿನ ಗೊಡವೆಯೇಕೆಂದು ನಗುವವರು ಶಾರ್ಙ್ಗಧರ ಸಂಹಿತೆಯ ಲೇಹಪ್ರಕರಣವನ್ನು ನೋಡಬೇಕು. ಸರಿಯಾಗಿ ಪಕ್ವವಾದ ಲೇಹವು ಎಳೆ ಬಿಡುತ್ತದೆ, ನೀರಿಗೆ ಹಾಕಿದರೆ ಮುಳುಗುತ್ತದೆ, ಒತ್ತಿದರೆ ಬೆರಳಿನ ಮುದ್ರೆ ನಿಲ್ಲುತ್ತದೆ, ಗಂಧ ವರ್ಣ ರಸಗಳು ತೋರಿಬರುತ್ತವೆ ಎಂಬ ತಾತ್ಪರ್ಯ ಅಲ್ಲಿದೆ. ಪಾಶ್ಚಾತ್ಯರು ತಣ್ಣನೆಯ ತಟ್ಟೆಯ ಮೇಲೆ ಒಂದು ತೊಟ್ಟು ಪಾಕವನ್ನು ಹಾಕಿ ಬೆರಳಿನಿಂದ ತಳ್ಳಿ, ಮೇಲೆ ಸುಕ್ಕು ಬಿದ್ದರೆ ಆಯಿತೆನ್ನುತ್ತಾರೆ. ಎರಡು ಪರೀಕ್ಷೆಗಳಿಗೂ ಹೆಚ್ಚು ದೂರವಿಲ್ಲ.

ಸುಕ್ಕು ಬೀಳಬೇಕಾದರೆ ಮಾತ್ರ ಸಕ್ಕರೆಯೊಂದೇ ಸಾಲದು. ಪೆಕ್ಟಿನ್ ಎಂಬ ಅಂಟೂ ಹುಳಿಯೂ ಸೇರಬೇಕು. ೧೮೨೫ರಲ್ಲಿ ಬ್ರಾಕೊನೊ ಎಂಬ ಫ್ರೆಂಚ್ ರಸಾಯನಜ್ಞನು ಇದಕ್ಕೆ ಹೆಸರಿಟ್ಟನು. ಸ್ಟ್ರಾಬೆರಿಯಲ್ಲಿ ಈ ಅಂಟು ಕಡಮೆ. ಅಂಗಡಿಯ ಪುಡಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕೊಡವರು ಕೈಪುಳಿ ಎನ್ನುವ ಕಹಿಕಿತ್ತಳೆಯ ಬೀಜಗಳನ್ನೂ ಸಿಪ್ಪೆಯೊಳಗಿನ ಬಿಳಿಯ ಭಾಗವನ್ನೂ ತೆಳುಬಟ್ಟೆಯಲ್ಲಿ ಗಂಟುಕಟ್ಟಿ, ಮೊದಲ ಕೂಗಿನ ಹೊತ್ತಿಗೆ ಹಣ್ಣಿನೊಡನೆ ಹಾಕಿ, ಸಕ್ಕರೆ ಸೇರಿಸುವ ಮುಂಚೆ ಹಿಂಡಿ ತೆಗೆದರೆ ಸಾಕು. ನಿಂಬೆಯ ಬೀಜವೂ ಆಗಬಹುದು. ಹುಳಿಗೆ ಕಾಚಂಪುಳಿಯನ್ನು ಹಾಕಬಹುದಲ್ಲವೇ ಎಂದು ಕೇಳುವವರುಂಟು. ಅದು ಪಂದಿಕರಿಯ ಪಾತ್ರೆಯಲ್ಲಿಯೇ ಇರಲಿ. ಜಾಮಿಗೆ ಬಿದ್ದರೆ ಬಣ್ಣವೂ ಕಪ್ಪು, ಹಣ್ಣಿನ ವಾಸನೆಯೂ ಮಾಯ.

ಸೀಸೆಗಳನ್ನು ಸಮುದ್ರತೀರದಲ್ಲಿ ೧೦ ನಿಮಿಷ ಕುದಿಸಿದರೆ ಸಾಕಾದಲ್ಲಿ ಮಡಿಕೇರಿಯಲ್ಲಿ ೧೪ ನಿಮಿಷ ಬೇಕು. ಕಾರಣವನ್ನು ಮೇಲೆಯೇ ಹೇಳಿದೆ. ಬಿಸಿ ಸೀಸೆಗೆ ಬಿಸಿ ಪಾಕವನ್ನು ಅಂಚಿಗೆ ಕಾಲು ಅಂಗುಲ ಬಿಟ್ಟು ತುಂಬಿ, ಹೊಸ ಮುಚ್ಚಳ ಹಾಕಿ, ಮತ್ತೆ ಕುದಿಯುವ ನೀರಿನಲ್ಲಿ ಮುಳುಗಿಸಿ ೧೦ ನಿಮಿಷ ಇಡಬೇಕು. ತೆರೆದ ಸೀಸೆ ಫ್ರಿಜ್ಜಿಗೆ ಹೋಗಲಿ, ಒಳಗೆ ಹಾಕುವ ಚಮಚ ಒಣಗಿರಲಿ. ಮಳೆಗಾಲದಲ್ಲಿ ಬೂಷ್ಟು ಕಂಡರೆ ಮೇಲಿನದನ್ನು ಕೆರೆದು ಕೆಳಗಿನದನ್ನು ಮಕ್ಕಳಿಗೆ ಕೊಡುವ ಜಿಪುಣತನ ಕೂಡದು. ಬೂಷ್ಟಿನ ವಿಷ ಕಣ್ಣಿಗೆ ಕಾಣದಂತೆ ಒಳಗೂ ಇಳಿದಿರಬಹುದು. ಸಕ್ಕರೆಯನ್ನು ಅರ್ಧಕ್ಕೆ ಇಳಿಸಿ ಮಾಡುವವರು ಸೀಸೆಯನ್ನು ಮೊದಲಿನಿಂದಲೂ ಫ್ರಿಜ್ಜಿನಲ್ಲಿಯೇ ಇಡತಕ್ಕದ್ದು. ಮಧುಮೇಹವಿದ್ದವರು ೨೦ ಗ್ರಾಮಿನ ಒಂದು ಚಮಚ ಜಾಮಿನಲ್ಲಿ ಹೆಚ್ಚುಕಡಮೆ ೧೩ ಗ್ರಾಮ್ ಸಕ್ಕರೆ ಇರುವುದನ್ನು ನೆನಪಿನಲ್ಲಿಡಲಿ.

ಇಷ್ಟು ತೊಂದರೆಯೇಕೆ, ಅಂಗಡಿಯಲ್ಲಿ ಸಿಕ್ಕುವುದಿಲ್ಲವೇ ಎನ್ನುವವರಿಗೆ ಒಂದು ಸಂಗತಿ ಹೇಳಬೇಕು. ೨೦೧೧ರಲ್ಲಿ ಜಾರಿಗೆ ಬಂದ ಆಹಾರ ಗುಣಮಟ್ಟದ ನಿಯಮಾವಳಿಯು ಜಾಮಿನಲ್ಲಿ ನೂರಕ್ಕೆ ೪೫ ಪಾಲಾದರೂ ಹಣ್ಣಿರಬೇಕೆಂದು ವಿಧಿಸಿತು. ಆದರೆ ಸ್ಟ್ರಾಬೆರಿಗೂ ರಾಸ್ಪ್‌ಬೆರಿಗೂ ೨೫ ಸಾಕೆಂದು ವಿನಾಯಿತಿ ಕೊಟ್ಟಿತು. ಎಂದರೆ ಒಂದು ಕಿಲೋ ಸ್ಟ್ರಾಬೆರಿ ಜಾಮಿಗೆ ಕಾಲು ಕಿಲೋ ಹಣ್ಣು. ನಾವು ಮೇಲೆ ಮಾಡಿದ ಲೆಕ್ಕದಲ್ಲಿ ೧೨೮೦ ಗ್ರಾಮ್ ಜಾಮಿಗೆ ಹೋದ ಹಣ್ಣು ಪೂರ್ತಿ ೧೦೦೦ ಗ್ರಾಮ್. ‘ಮನೆಯಲ್ಲಿ ಮಾಡಿದ್ದು’ ಎಂಬ ಚೀಟಿಗೆ ಬೆಲೆ ಬರುವುದು ಈ ವ್ಯತ್ಯಾಸದಿಂದ. ಮಾರುವ ಗೃಹಿಣಿಯರು ಹಣ್ಣೆಷ್ಟು ಸಕ್ಕರೆಯೆಷ್ಟು ಎಂಬುದನ್ನು ಚೀಟಿಯ ಮೇಲೆ ಧೈರ್ಯವಾಗಿ ಬರೆಯಬಹುದು. ೨೦೦೬ರ ಆಹಾರ ಸುರಕ್ಷತೆಯ ಕಾಯಿದೆಯಂತೆ ಚಿಕ್ಕ ಪ್ರಮಾಣದಲ್ಲಿ ಮಾರುವವರೂ ನೋಂದಣಿ ಮಾಡಿಸಿಕೊಳ್ಳಬೇಕೆಂಬುದನ್ನು ಮರೆಯಬಾರದು.

ಹೊರದೇಶದಲ್ಲಿರುವ ಮಕ್ಕಳು ತಂದುಕೊಟ್ಟ ಬ್ರೆಡ್ ಮಾಡುವ ಯಂತ್ರವೂ ಈಗ ಕೆಲವರ ಮನೆಯಲ್ಲುಂಟು. ಅದರಲ್ಲಿ ಕೆಲವಕ್ಕೆ ಜಾಮಿನ ಗುಂಡಿಯೂ ಇದೆ. ತಾನೇ ಕಾಯಿಸಿ ತಾನೇ ಕಲಕುತ್ತದೆಂಬುದು ನಿಜ. ಹಿಡಿಸುವ ಪ್ರಮಾಣ ಸ್ವಲ್ಪ, ಆವಿ ಹೊರಡುವ ದಾರಿಯೂ ಸಣ್ಣದು. ಅದರ ಪಾಕವನ್ನೂ ತೂಗಿ ನೋಡಿ, ಸಾಲದಿದ್ದರೆ ಒಲೆಯ ಮೇಲೆ ಇಂಗಿಸಬೇಕು.

ಕುಕ್ಕರಿನ ಮುಚ್ಚಳಕ್ಕೆ ನಿಜವಾದ ಕೆಲಸ ಕೊಡಬೇಕೆಂದಿದ್ದರೆ ಆ ಕೈಪುಳಿಯನ್ನೇ ಹಿಡಿಯಿರಿ. ಅದರ ಸಿಪ್ಪೆ ತೆರೆದ ಪಾತ್ರೆಯಲ್ಲಿ ಮೆತ್ತಗಾಗಲು ಒಂದೆರಡು ಗಂಟೆ ಹಿಡಿಯುತ್ತದೆ. ಕುಕ್ಕರಿನಲ್ಲಿ ಹತ್ತು ಹದಿನೈದು ನಿಮಿಷ. ಅರ್ಧ ಕಿಲೋ ಹಣ್ಣಿನ ಸಿಪ್ಪೆಯನ್ನು ಸಣ್ಣ ಎಳೆಗಳಾಗಿ ಹೆಚ್ಚಿ, ರಸವನ್ನೂ ಅರ್ಧ ಲೀಟರು ನೀರನ್ನೂ ಬೀಜದ ಗಂಟನ್ನೂ ಸೇರಿಸಿ ಬೇಯಿಸಿ, ಮುಚ್ಚಳ ತೆಗೆದ ಮೇಲೆ ಗಂಟನ್ನು ಹಿಂಡಿ, ಒಂದು ಕಿಲೋ ಸಕ್ಕರೆ ಹಾಕಿ ೧೬೦೦ ಗ್ರಾಮಿನ ಸುಮಾರಿಗೆ ಇಂಗಿಸಿದರೆ ಬಂಗಾರದ ಬಣ್ಣದ ಮಾರ್ಮಲೇಡ್ ಆಗುತ್ತದೆ. ಸ್ವಲ್ಪ ಕಹಿ ಇರುತ್ತದೆ. ಬಿಸಿ ಅಕ್ಕಿರೊಟ್ಟಿಗೆ ತುಪ್ಪದೊಡನೆ ಸವರಿ ಕೊಟ್ಟರೆ ಹುಡುಗರು ಮೊದಲು ಮುಖ ಹಿಂಡಿ, ಎರಡನೆಯ ರೊಟ್ಟಿಗೆ ತಾವೇ ಸೀಸೆಯನ್ನು ಕೇಳುತ್ತಾರೆ.