ಪೈಪಿನ ತುದಿಯಿಂದ ಕಾಣುವ ಜಗತ್ತು

2022ರ ನವೆಂಬರ್ 23. ಕತಾರ್ ರಾಜಧಾನಿ ದೋಹಾದಲ್ಲಿ ವಿಶ್ವಕಪ್ ಫುಟ್‌ಬಾಲ್‌ನ ಜರ್ಮನಿ–ಜಪಾನ್ ಪಂದ್ಯ. ಆಟ ಶುರುವಾಗುವ ಮುಂಚೆ ತಂಡದ ಫೋಟೊಗೆ ನಿಂತ ಜರ್ಮನಿಯ ಹನ್ನೊಂದೂ ಆಟಗಾರರು ಕೈಯಿಂದ ಬಾಯಿ ಮುಚ್ಚಿಕೊಂಡರು. ತಾರತಮ್ಯದ ವಿರುದ್ಧ ‘ಒನ್ ಲವ್’ ತೋಳುಪಟ್ಟಿ ಕಟ್ಟಲು ಫಿಫಾ ಬಿಡಲಿಲ್ಲವೆಂದು ಅವರ ಪ್ರತಿಭಟನೆ. ಅತ್ತ ಗಣ್ಯರ ಸಾಲಿನಲ್ಲಿ ಜರ್ಮನಿಯ ಗೃಹ ಸಚಿವೆ ನ್ಯಾನ್ಸಿ ಫೇಸರ್ ಅದೇ ಪಟ್ಟಿಯನ್ನು ತೋಳಿಗೆ ಕಟ್ಟಿಕೊಂಡು ಕೂತಿದ್ದರು. ವಲಸೆ ಕಾರ್ಮಿಕರ ಪಾಡು, ಸಲಿಂಗಿಗಳ ವಿರುದ್ಧದ ಕಾನೂನು ಎಂದು ಜರ್ಮನ್ ಮಾಧ್ಯಮಗಳು ಕತಾರನ್ನು ತಿಂಗಳುಗಟ್ಟಲೆ ತರಾಟೆಗೆ ತೆಗೆದುಕೊಂಡಿದ್ದವು.

ಆರು ದಿನ ಕಳೆಯಿತು. ನವೆಂಬರ್ 29ರಂದು ‘ಕತಾರ್ ಎನರ್ಜಿ’ ಒಂದು ಒಪ್ಪಂದ ಪ್ರಕಟಿಸಿತು. 2026ರಿಂದ ಕನಿಷ್ಠ 15 ವರ್ಷ, ವರ್ಷಕ್ಕೆ 20 ಲಕ್ಷ ಟನ್‌ವರೆಗೆ ದ್ರವೀಕೃತ ಅನಿಲ ಜರ್ಮನಿಗೆ ಬರಬೇಕೆಂಬುದು ಅದರ ಸಾರ. ಬರ್ಲಿನ್ ಇದನ್ನು ಸ್ವಾಗತಿಸಿತು.

ಇದನ್ನು ಆಷಾಢಭೂತಿತನ ಎಂದು ತಳ್ಳಿಹಾಕುವುದು ಸುಲಭ. ಆದರೆ ಆಷಾಢಭೂತಿಗೆ ತಾನು ಆಡುವುದೊಂದು, ಮಾಡುವುದೊಂದು ಎಂದು ಗೊತ್ತಿರುತ್ತದೆ. ದೇಶಗಳ ವಿಷಯದಲ್ಲಿ ಹಾಗಲ್ಲ. ಪರದೇಶದ ರಾಜಕೀಯದ ಬಗ್ಗೆ ಸಚಿವರೂ ಸಂಪಾದಕರೂ ಮತದಾರರೂ ಪ್ರಾಮಾಣಿಕವಾಗಿಯೇ ಒಂದು ಅಭಿಪ್ರಾಯ ಇಟ್ಟುಕೊಂಡಿರುತ್ತಾರೆ, ಅದು ಮನೆಯ ಒಲೆ ಉರಿಸುವ ಇಂಧನ ಬರುವ ದಿಕ್ಕಿಗೇ ವಾಲಿಕೊಂಡಿರುತ್ತದೆ. ಇಂಧನ ಯಾರ ಬಾಯಲ್ಲೂ ಸುಳ್ಳು ಆಡಿಸುವುದಿಲ್ಲ. ಚಲಾವಣೆಯಲ್ಲಿರುವ ಹತ್ತಾರು ವಾದಗಳಲ್ಲಿ ಯಾವುದು ‘ವಿವೇಕದ ಮಾತು’, ಯಾವುದು ‘ಭಾವಾವೇಶ’ ಎಂಬ ವಿಂಗಡಣೆಯನ್ನು ಮಾತ್ರ ಮಾಡಿಕೊಡುತ್ತದೆ. ಈ ವಿಂಗಡಣೆ ಹೇಗೆ ನಡೆಯುತ್ತದೆ ಎಂದು ನೋಡಲು ಜರ್ಮನಿ ಮತ್ತು ರಷ್ಯಾದ ಐವತ್ತು ವರ್ಷಗಳ ಅನಿಲ ವ್ಯವಹಾರಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

1963ರಲ್ಲಿ ಪಶ್ಚಿಮ ಜರ್ಮನಿ ಸೋವಿಯತ್ ಒಕ್ಕೂಟಕ್ಕೆ ದೊಡ್ಡ ಉಕ್ಕಿನ ಪೈಪುಗಳನ್ನು ಮಾರಲು ಹೊರಟಾಗ ಅಮೆರಿಕ ಅಡ್ಡಿಪಡಿಸಿತು, ಚಾನ್ಸಲರ್ ಅಡೆನಾವರ್ ತಲೆಬಾಗಿದರು. ಏಳು ವರ್ಷದಲ್ಲಿ ಗಾಳಿ ಬದಲಾಯಿತು. 1970ರ ಫೆಬ್ರವರಿ 1ರಂದು ಉಕ್ಕಿನ ಸೀಮೆ ರೂರ್‌ನ ಎಸ್ಸೆನ್ ಊರಿನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಮಾನೆಸ್‌ಮನ್ ಕಂಪನಿ ಪೈಪು ಕೊಡುವುದು, ಜರ್ಮನ್ ಬ್ಯಾಂಕುಗಳು ಸಾಲ ಕೊಡುವುದು, ಸೋವಿಯತ್ತರು ಆ ಪೈಪಿನಲ್ಲೇ ಅನಿಲ ಕಳಿಸಿ ಸಾಲ ತೀರಿಸುವುದು. ಆಗ ಚಾನ್ಸಲರ್ ಆಗಿದ್ದವರು ವಿಲ್ಲಿ ಬ್ರಾಂಟ್. ಪೂರ್ವದ ಕಮ್ಯುನಿಸ್ಟ್ ದೇಶಗಳೊಂದಿಗೆ ಮಾತುಕತೆಯ ಬಾಗಿಲು ತೆರೆಯಬೇಕೆಂಬ ಅವರ ನೀತಿಗೆ ಈ ವ್ಯಾಪಾರ ಹೇಳಿ ಮಾಡಿಸಿದಂತಿತ್ತು. ಉಕ್ಕಿನ ಕಾರ್ಖಾನೆಗಳಿಗೆ ಆರ್ಡರು, ಬ್ಯಾಂಕಿಗೆ ಬಡ್ಡಿ, ಯುದ್ಧದ ಪಾಪಪ್ರಜ್ಞೆ ಹೊತ್ತ ತಲೆಮಾರಿಗೆ ಶಾಂತಿಯ ಸಮಾಧಾನ ಎಲ್ಲವೂ ಒಟ್ಟಿಗೇ ದಕ್ಕಿದವು. ಇಂಥ ಮೂರೂ ಒಂದೇ ಕಟ್ಟಿನಲ್ಲಿ ಬಂದಾಗ ಯಾವುದಕ್ಕಾಗಿ ಯಾವುದನ್ನು ಒಪ್ಪಿಕೊಂಡೆವು ಎಂದು ಕೊಂಡವರಿಗೂ ತಿಳಿಯುವುದಿಲ್ಲ.

ಮೊದಲ ಅನಿಲ ಪಶ್ಚಿಮ ಜರ್ಮನಿಯ ಗಡಿ ದಾಟಿದ್ದು 1973ರ ಅಕ್ಟೋಬರ್‌ನಲ್ಲಿ. ಅದೇ ತಿಂಗಳು ಅರಬ್ ದೇಶಗಳು ತೈಲ ಬಂದ್ ಮಾಡಿದವು. ಕಮ್ಯುನಿಸ್ಟರ ಅನಿಲ ತಪ್ಪದೆ ಬರುತ್ತಿತ್ತು, ಅರಬರ ತೈಲ ಕೈಕೊಟ್ಟಿತ್ತು. ‘ಮಾಸ್ಕೊ ಕೊಟ್ಟ ಮಾತಿಗೆ ತಪ್ಪದ ಪೂರೈಕೆದಾರ’ ಎಂಬ ಮಾತು ಜರ್ಮನ್ ಸಾರ್ವಜನಿಕ ಜೀವನದಲ್ಲಿ ಬೇರೂರಲು ಇದು ಕಾರಣಗಳಲ್ಲೊಂದು. ಮುಂದೆ ನಾಲ್ಕು ದಶಕ ಆ ಮಾತನ್ನು ಎಡದವರೂ ಬಲದವರೂ ಜಪಿಸಿದರು.

1981ರ ಡಿಸೆಂಬರ್‌ನಲ್ಲಿ ಆ ಮಾತಿಗೆ ಮೊದಲ ಪರೀಕ್ಷೆ. ಪೋಲೆಂಡಿನಲ್ಲಿ ಕಾರ್ಮಿಕರ ‘ಸಾಲಿಡಾರಿಟಿ’ ಚಳವಳಿಯನ್ನು ಹತ್ತಿಕ್ಕಲು ಸೇನಾ ಕಾನೂನು ಹೇರಲಾಯಿತು. ಅಮೆರಿಕದ ಅಧ್ಯಕ್ಷ ರೇಗನ್ ಸೈಬೀರಿಯಾದ ಹೊಸ ಅನಿಲ ಪೈಪ್‌ಲೈನ್‌ಗೆ ಉಪಕರಣ ಮಾರಬಾರದೆಂದು ನಿರ್ಬಂಧ ಹಾಕಿದರು. 1982ರ ಜೂನ್‌ನಲ್ಲಿ ಅದನ್ನು ಅಮೆರಿಕನ್ ತಂತ್ರಜ್ಞಾನ ಬಳಸುವ ಯುರೋಪಿನ ಕಂಪನಿಗಳಿಗೂ ವಿಸ್ತರಿಸಿದರು. ಪಶ್ಚಿಮ ಜರ್ಮನಿ, ಫ್ರಾನ್ಸ್, ಇಟಲಿ ತಿರುಗಿಬಿದ್ದವು. ಅವುಗಳ ಜೊತೆ ನಿಂತ ಇನ್ನೊಬ್ಬರು ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್! ಸೋವಿಯತ್ ದ್ವೇಷದಲ್ಲಿ ರೇಗನ್‌ಗೆ ಏನೇನೂ ಕಡಿಮೆಯಿಲ್ಲದ ಈ ಮಹಿಳೆ ಅಮೆರಿಕದ ಆಜ್ಞೆಯನ್ನು ಬಹಿರಂಗವಾಗಿ ಧಿಕ್ಕರಿಸಿದರು. ಸ್ಕಾಟ್‌ಲೆಂಡಿನ ಜಾನ್ ಬ್ರೌನ್ ಕಾರ್ಖಾನೆ ಆ ಪೈಪ್‌ಲೈನ್‌ಗೆ ಟರ್ಬೈನ್ ಮಾಡಿಕೊಡುತ್ತಿತ್ತು, ಅಲ್ಲಿ ಕೆಲಸಗಳು ಪಣಕ್ಕಿದ್ದವು. ನವೆಂಬರ್‌ನಲ್ಲಿ ರೇಗನ್ ನಿರ್ಬಂಧ ಹಿಂತೆಗೆದುಕೊಂಡರು. ಅದೇ ರೇಗನ್ ಅಮೆರಿಕದ ರೈತರ ಗೋಧಿ ಸೋವಿಯತ್ತಿಗೆ ಹೋಗುವುದನ್ನು ಮಾತ್ರ ತಡೆದಿರಲಿಲ್ಲ ಎಂಬುದನ್ನು ಯುರೋಪಿಯನ್ನರು ಆಗ ಮತ್ತೆ ಮತ್ತೆ ಎತ್ತಿ ಆಡಿದರು.

ಸೋವಿಯತ್ ಒಕ್ಕೂಟ ಕುಸಿಯಿತು, ಪೈಪುಗಳು ಉಳಿದವು. ಆದರೆ ಈಗ ಅವು ಉಕ್ರೇನ್ ಎಂಬ ಬೇರೆ ದೇಶದ ಮೂಲಕ ಬರಬೇಕಿತ್ತು. 2006 ಮತ್ತು 2009ರ ಜನವರಿಗಳಲ್ಲಿ ರಷ್ಯಾ–ಉಕ್ರೇನ್ ನಡುವೆ ಬೆಲೆಯ ಜಗಳವಾಗಿ ಅನಿಲ ನಿಂತಾಗ ಬಲ್ಗೇರಿಯಾ, ಸ್ಲೊವಾಕಿಯಾದಂಥ ದೇಶಗಳು ಚಳಿಯಲ್ಲಿ ಒದ್ದಾಡಿದವು. ಒಂದೇ ಘಟನೆಯಿಂದ ಎರಡು ಪಾಠ ಕಲಿಯಬಹುದಿತ್ತು. ರಷ್ಯಾವನ್ನು ನಂಬಬಾರದು ಎಂದು ಪೋಲೆಂಡ್ ಕಲಿಯಿತು. ಉಕ್ರೇನ್ ಮೂಲಕ ಬರುವ ದಾರಿ ಸರಿಯಿಲ್ಲ ಎಂದು ಜರ್ಮನಿ ಕಲಿಯಿತು. ಬಾಲ್ಟಿಕ್ ಸಮುದ್ರದ ತಳದಲ್ಲಿ ರಷ್ಯಾದಿಂದ ನೇರವಾಗಿ ಜರ್ಮನಿಗೆ 1,224 ಕಿಲೋಮೀಟರ್ ಉದ್ದದ ‘ನಾರ್ಡ್ ಸ್ಟ್ರೀಮ್’ ಕೊಳವೆ ಹಾಕುವ ಒಪ್ಪಂದ ಅಷ್ಟರಲ್ಲಿ ಆಗಿತ್ತು. 2005ರ ಸೆಪ್ಟೆಂಬರ್‌ನಲ್ಲಿ, ಚುನಾವಣೆಗೆ ಹತ್ತು ದಿನ ಇದೆ ಎನ್ನುವಾಗ, ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ಪುಟಿನ್ ಸಮ್ಮುಖದಲ್ಲಿ ಅದಕ್ಕೆ ಸಹಿ ಹಾಕಿಸಿದ್ದರು. ಅಧಿಕಾರ ಕಳೆದುಕೊಂಡ ಮೇಲೆ ಅದೇ ಯೋಜನೆಯ ಷೇರುದಾರರ ಸಮಿತಿಗೆ ಅಧ್ಯಕ್ಷರಾದರು. ಆಗ ಪೋಲೆಂಡಿನ ರಕ್ಷಣಾ ಸಚಿವರಾಗಿದ್ದ ರಾಡೆಕ್ ಸಿಕೋರ್ಸ್‌ಕಿ ಈ ಕೊಳವೆಯನ್ನು ಹಿಟ್ಲರ್–ಸ್ಟಾಲಿನ್ ಕಾಲದ 1939ರ ಒಪ್ಪಂದಕ್ಕೆ ಹೋಲಿಸಿದಾಗ ಬರ್ಲಿನ್‌ಗೆ ಅದು ಹಳೇ ಗಾಯ ಕೆರೆಯುವ ಚಟದಂತೆ ಕಂಡಿತು.

ಜರ್ಮನಿಯಲ್ಲಿ ಈ ನೀತಿಗೊಂದು ಘೋಷಣೆಯಿತ್ತು: ವ್ಯಾಪಾರದ ಮೂಲಕ ಪರಿವರ್ತನೆ. ಕೊಡು–ಕೊಳ್ಳುವಿಕೆ ಹೆಚ್ಚಿದಷ್ಟೂ ಆ ಕಡೆಯವರು ನಮ್ಮಂತಾಗುತ್ತಾರೆ ಎಂಬ ನಂಬಿಕೆ. ಇದನ್ನು ತಪ್ಪೆಂದು ತೋರಿಸಬಲ್ಲ ಸಾಕ್ಷಿ ಯಾವುದೆಂದು ಯಾರೂ ನಿಗದಿ ಮಾಡಿಕೊಂಡಿರಲಿಲ್ಲ. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ಕಬಳಿಸಿತು. ಮರುವರ್ಷವೇ ಎರಡನೇ ನಾರ್ಡ್ ಸ್ಟ್ರೀಮ್‌ಗೆ ಒಪ್ಪಂದವಾಯಿತು. ಅದೇ ವರ್ಷ ಜರ್ಮನಿಯ ಅತಿ ದೊಡ್ಡ ಅನಿಲ ಸಂಗ್ರಹಾಗಾರ ರೇಡನ್, ರಷ್ಯಾದ ಸರ್ಕಾರಿ ಅನಿಲ ಕಂಪನಿ ಗಾಜ್‌ಪ್ರೋಮ್ ಕೈಗೆ ಹೋಯಿತು. ಸಂಬಂಧ ಕೆಟ್ಟಿದೆ, ಆದ್ದರಿಂದಲೇ ವ್ಯಾಪಾರದ ಕೊಂಡಿ ಬೇಕು ಎಂಬ ವಾದ ಬಂತು. ಸಂಬಂಧ ಚೆನ್ನಾಗಿದ್ದರೆ ಅದೂ ಕೊಂಡಿ ಬೇಕೆನ್ನುವುದಕ್ಕೇ ಕಾರಣವಾಗುತ್ತಿತ್ತು.

ಇತಿಹಾಸವೂ ಇದೇ ಕೆಲಸಕ್ಕೆ ಒದಗಿತು. 2021ರ ಫೆಬ್ರವರಿಯಲ್ಲಿ ಜರ್ಮನಿಯ ಅಧ್ಯಕ್ಷ ಫ್ರಾಂಕ್ ವಾಲ್ಟರ್ ಸ್ಟೈನ್‌ಮಾಯರ್ ಒಂದು ಸಂದರ್ಶನದಲ್ಲಿ, ಇಂಧನ ಸಂಬಂಧವು ರಷ್ಯಾ ಮತ್ತು ಯುರೋಪಿನ ನಡುವೆ ಉಳಿದಿರುವ ಬಹುತೇಕ ಕೊನೆಯ ಸೇತುವೆ ಎಂದರು. ಹಿಟ್ಲರನ ದಾಳಿಗೆ ಸೋವಿಯತ್ ಒಕ್ಕೂಟದ ಎರಡು ಕೋಟಿಗೂ ಹೆಚ್ಚು ಜನ ಬಲಿಯಾದದ್ದನ್ನು ನೆನಪಿಸಿದರು. ಉಕ್ರೇನಿನ ರಾಯಭಾರಿ ಕಿಡಿಕಾರಿದರು. ಆ ಸತ್ತವರಲ್ಲಿ ಲಕ್ಷಾಂತರ ಉಕ್ರೇನಿಯನ್ನರೂ ಇದ್ದರಲ್ಲ, ಅವರ ಋಣ ಯಾವ ಕೊಳವೆಯಲ್ಲಿ ತೀರಬೇಕಿತ್ತು?

ಆ ವರ್ಷ ಜರ್ಮನಿ ಆಮದು ಮಾಡಿಕೊಂಡ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ರಷ್ಯಾದ್ದೇ ಆಗಿತ್ತು. 2022ರ ಫೆಬ್ರವರಿ 22ರಂದು, ರಷ್ಯಾ ಸೇನೆ ಉಕ್ರೇನಿಗೆ ನುಗ್ಗುವುದಕ್ಕೆ ಎರಡು ದಿನ ಮೊದಲು, ಚಾನ್ಸಲರ್ ಓಲಾಫ್ ಶೋಲ್ಟ್ಸ್ ಎರಡನೇ ನಾರ್ಡ್ ಸ್ಟ್ರೀಮಿನ ಅನುಮತಿ ಪ್ರಕ್ರಿಯೆ ನಿಲ್ಲಿಸಿದರು. ಕೆಲವೇ ವಾರಗಳ ಹಿಂದೆ ಅವರೇ ಅದನ್ನು ಖಾಸಗಿ ವಾಣಿಜ್ಯ ಯೋಜನೆ ಎಂದು ಕರೆದಿದ್ದರು. ಏಪ್ರಿಲ್‌ನಲ್ಲಿ ಸ್ಟೈನ್‌ಮಾಯರ್ ತಮ್ಮ ನಿಲುವು ತಪ್ಪಾಗಿತ್ತೆಂದು ಒಪ್ಪಿಕೊಂಡರು.

ಆದರೂ ದೇಶವೆಲ್ಲ ಒಂದೇ ಸಲ ಬದಲಾಗಲಿಲ್ಲ, ಇದು ಗಮನಿಸಬೇಕಾದ ಸಂಗತಿ. ಪೋಲೆಂಡ್ ಗಡಿಯ ಶ್ವೆಟ್ ಎಂಬ ಪುಟ್ಟ ಊರಿನ ತೈಲ ಸಂಸ್ಕರಣಾಗಾರ ‘ದ್ರುಜ್‌ಬಾ’ ಎಂಬ ಸೋವಿಯತ್ ಕಾಲದ ಕೊಳವೆಯಿಂದ ಬರುವ ರಷ್ಯನ್ ಕಚ್ಚಾ ತೈಲದ ಮೇಲೆ ನಿಂತಿತ್ತು. ಬರ್ಲಿನ್ ಸುತ್ತಮುತ್ತಲ ವಾಹನಗಳ ಇಂಧನದ ಬಹುಪಾಲು ಅಲ್ಲಿಂದಲೇ. 2022ರ ಮೇ ತಿಂಗಳಲ್ಲಿ ಆರ್ಥಿಕ ಸಚಿವ ರಾಬರ್ಟ್ ಹಾಬೆಕ್ ಅಲ್ಲಿಗೆ ಹೋಗಿ, ಕ್ಯಾಂಟೀನಿನ ಮೇಜು ಹತ್ತಿ ನಿಂತು, ನೌಕರರಿಗೆ ರಷ್ಯನ್ ತೈಲ ಏಕೆ ಬೇಡವೆಂದು ವಿವರಿಸಬೇಕಾಯಿತು. ಬರ್ಲಿನ್‌ನಲ್ಲಿ ನ್ಯಾಯ–ಅನ್ಯಾಯದ ಪ್ರಶ್ನೆಯಾಗಿದ್ದುದು ಶ್ವೆಟ್‌ನಲ್ಲಿ ತಿಂಗಳ ಸಂಬಳದ ಪ್ರಶ್ನೆ. ಅದೇ ಯುದ್ಧ, ಅದೇ ಟಿವಿ ಸುದ್ದಿ. ಅಭಿಪ್ರಾಯ ದೇಶದಿಂದ ದೇಶಕ್ಕಷ್ಟೇ ಅಲ್ಲ, ಊರಿನಿಂದ ಊರಿಗೂ ಬೇರೆಯಾಗುತ್ತದೆ.

ಜರ್ಮನಿಗೆ ಐವತ್ತು ವರ್ಷ ಬೇಕಾದ ತಿರುವನ್ನು ಜಪಾನ್ ಐದು ವಾರದಲ್ಲಿ ಮುಗಿಸಿತ್ತು. 1973ರ ಅಕ್ಟೋಬರ್ ಯುದ್ಧದ ವೇಳೆ ಅರಬ್ ದೇಶಗಳು ಇಸ್ರೇಲ್ ಪರ ಇರುವವರಿಗೆ ತೈಲ ಕಡಿತಗೊಳಿಸಿದಾಗ, ಅಮೆರಿಕದ ನೆರಳಿನಲ್ಲಿದ್ದ ಜಪಾನ್ ಮಿತ್ರರ ಪಟ್ಟಿಯಲ್ಲಿ ಇರಲಿಲ್ಲ. ತೈಲವನ್ನು ಹೆಚ್ಚುಕಡಿಮೆ ಪೂರ್ತಿ ಹೊರಗಿನಿಂದಲೇ ತರಿಸುವ ದೇಶ. ಒಸಾಕಾ ಬಳಿಯ ಬಡಾವಣೆಯೊಂದರಲ್ಲಿ ಗೃಹಿಣಿಯರು ಟಾಯ್ಲೆಟ್ ಪೇಪರ್ ಸಿಗುವುದಿಲ್ಲವೆಂಬ ಗಾಳಿಸುದ್ದಿಗೆ ಅಂಗಡಿಗೆ ಮುಗಿಬಿದ್ದರು, ಆ ಭಯ ದೇಶವೆಲ್ಲ ಹಬ್ಬಿತು. ನಿಲುವು ಬದಲಾಯಿಸಬೇಡಿ ಎಂದು ಕೇಳಿಕೊಳ್ಳಲು ಅಮೆರಿಕದ ವಿದೇಶಾಂಗ ಸಚಿವ ಹೆನ್ರಿ ಕಿಸಿಂಜರ್ ಟೋಕಿಯೊಗೆ ಬಂದು ಹೋದರು. ನವೆಂಬರ್ 22ರಂದು ಸಚಿವ ಸಂಪುಟದ ಮುಖ್ಯ ಕಾರ್ಯದರ್ಶಿ ಸುಸುಮು ನಿಕಾಯ್ದೊ ಹೇಳಿಕೆ ಕೊಟ್ಟರು: 1967ರಲ್ಲಿ ವಶಪಡಿಸಿಕೊಂಡ ಪ್ರದೇಶಗಳಿಂದೆಲ್ಲ ಇಸ್ರೇಲ್ ಹಿಂದೆ ಸರಿಯಬೇಕು, ಇಲ್ಲವಾದರೆ ಜಪಾನ್ ತನ್ನ ನೀತಿಯನ್ನು ಮರುಪರಿಶೀಲಿಸಬೇಕಾದೀತು. ಡಿಸೆಂಬರ್‌ನಲ್ಲಿ ಉಪಪ್ರಧಾನಿ ಟಾಕೆಯೊ ಮಿಕಿ ಅರಬ್ ರಾಜಧಾನಿಗಳನ್ನು ಸುತ್ತಿದರು. ಕ್ರಿಸ್‌ಮಸ್ ಹೊತ್ತಿಗೆ ಜಪಾನ್ ‘ಮಿತ್ರ’ ದೇಶವಾಯಿತು.

ಎರಡು ದೇಶಗಳ ಈ ವ್ಯತ್ಯಾಸಕ್ಕೆ ಸ್ವಭಾವ ಕಾರಣವಲ್ಲ, ಸಾಗಣೆ ಕಾರಣ. ಕೊಳವೆ ಒಮ್ಮೆ ಹೂತರೆ ಅಲ್ಲೇ ಇರುತ್ತದೆ. ಅದರ ಎರಡು ತುದಿಗಳನ್ನೂ ಬದಲಾಯಿಸಲಾಗದು. ಹಾಕಿದ ದುಡ್ಡು ಬರಲು ದಶಕಗಳು ಬೇಕು. ಅದಕ್ಕೆ ಅಂಟಿದ ಅಭಿಪ್ರಾಯವೂ ಅಷ್ಟೇ ಗಟ್ಟಿ, ತಲೆಮಾರಿನಿಂದ ತಲೆಮಾರಿಗೆ ತತ್ವದ ವೇಷದಲ್ಲಿ ದಾಟುತ್ತದೆ. ಹಡಗು ಹಾಗಲ್ಲ. ಅದು ನಡುಗಡಲಲ್ಲೂ ದಿಕ್ಕು ಬದಲಿಸಬಲ್ಲದು. ಹಡಗಿನಲ್ಲಿ ತೈಲ ತರಿಸುವ ದೇಶದ ನಿಲುವೂ ಬೇಗ ಹೊರಳುತ್ತದೆ.

ಭಾರತ ಹಡಗಿನ ದೇಶ. ಇರಾನಿನಿಂದ ಪಾಕಿಸ್ತಾನದ ಮೂಲಕ ಅನಿಲದ ಕೊಳವೆ ತರುವ ಮಾತು ವರ್ಷಾನುಗಟ್ಟಲೆ ನಡೆದು ಕೈಬಿಟ್ಟುಹೋಯಿತು. ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ ಹಲವು ವರ್ಷ ದೇಶದಲ್ಲೇ ಇರಾನ್ ತೈಲದ ದೊಡ್ಡ ಗಿರಾಕಿಯಾಗಿತ್ತು. 2012ರ ಸುಮಾರಿಗೆ ಪಾಶ್ಚಾತ್ಯ ನಿರ್ಬಂಧಗಳು ಬಿಗಿಯಾದಾಗ ಭಾರತ ತೈಲದ ಬೆಲೆಯ ಒಂದು ಭಾಗವನ್ನು ಯುಕೊ ಬ್ಯಾಂಕಿನ ಮೂಲಕ ರೂಪಾಯಿಯಲ್ಲೇ ಸಲ್ಲಿಸುವ ದಾರಿ ಕಂಡುಕೊಂಡಿತು. ‘ನಾಗರಿಕತೆಯ ನಂಟು’ ಎಂಬ ಮಾತು ಆಗ ಬಳಕೆಯಲ್ಲಿತ್ತು. 2019ರ ಮೇ ತಿಂಗಳಲ್ಲಿ ಅಮೆರಿಕ ಕೊಟ್ಟಿದ್ದ ವಿನಾಯಿತಿ ಮುಗಿಯಿತು, ಖರೀದಿ ನಿಂತಿತು, ಇರಾನ್ ಸುದ್ದಿಯ ಒಳಪುಟಕ್ಕೆ ಸರಿಯಿತು. ಮಂಗಳೂರಿನ ನೆಲದಡಿಯ ತೈಲ ಸಂಗ್ರಹದ ಗುಹೆಗೆ ಅದಾಗಲೇ ಅಬುಧಾಬಿಯ ಕಂಪನಿ ತನ್ನ ತೈಲ ತುಂಬಿಸಿತ್ತು. ಕರಾವಳಿಯ ಸಾವಿರಾರು ಕುಟುಂಬಗಳ ಗಳಿಕೆ ಆ ಕೊಲ್ಲಿ ದೇಶಗಳಲ್ಲೇ ಇರುವುದರಿಂದ ಅಲ್ಲಿನ ರಾಜಕೀಯ ಇಲ್ಲಿಗೆ ಪರದೇಶದ ವಿಷಯವೂ ಅಲ್ಲ.

ಮತ್ತೆ 2022. ಯುದ್ಧಕ್ಕೆ ಮುಂಚೆ ಭಾರತದ ಕಚ್ಚಾ ತೈಲದ ಆಮದಿನಲ್ಲಿ ಎರಡು ಪ್ರತಿಶತವೂ ಇಲ್ಲದ ರಷ್ಯಾದ ಪಾಲು ಮರುವರ್ಷದ ಹೊತ್ತಿಗೆ ಮೂರನೇ ಒಂದಕ್ಕೇರಿತು. ವಿದೇಶಾಂಗ ಸಚಿವ ಜೈಶಂಕರ್, ಭಾರತ ಒಂದು ತಿಂಗಳಲ್ಲಿ ಕೊಳ್ಳುವುದು ಯುರೋಪ್ ಒಂದು ಮಧ್ಯಾಹ್ನದಲ್ಲಿ ಕೊಳ್ಳುವುದಕ್ಕಿಂತ ಕಡಿಮೆ ಎಂಬರ್ಥದಲ್ಲಿ ವಾಷಿಂಗ್ಟನ್ನಿನಲ್ಲಿ ಮಾರುತ್ತರ ಕೊಟ್ಟಾಗ ಇಲ್ಲಿ ಚಪ್ಪಾಳೆ ಬಿತ್ತು. ಮಾತು ಆ ಹೊತ್ತಿಗೆ ನಿಜವೇ. ಆದರೆ ಅಗ್ಗದ ತೈಲ ಸಿಗದೇ ಹೋಗಿದ್ದರೆ ಉಕ್ರೇನ್ ಯುದ್ಧದ ಬಗ್ಗೆ ಭಾರತದ ಚಹಾದಂಗಡಿಗಳಲ್ಲಿ ಇದೇ ಮಾತು ಕೇಳುತ್ತಿತ್ತೇ ಎಂಬುದು ಬೇರೆ ಪ್ರಶ್ನೆ. 1971ರ ಯುದ್ಧದಲ್ಲಿ ಸೋವಿಯತ್ ನೆರವಿಗೆ ನಿಂತದ್ದು, ನಮ್ಮ ಸೇನೆಯ ಶಸ್ತ್ರಾಸ್ತ್ರಗಳು, ಪಶ್ಚಿಮದ ಉಪದೇಶದ ಬಗೆಗಿನ ಸಿಟ್ಟು, ಇವೂ ಆ ಮಾತಿನ ಹಿಂದೆ ಸೇರಿವೆ. ಎಲ್ಲವನ್ನೂ ತೈಲದ ಲೆಕ್ಕಕ್ಕೇ ಹಚ್ಚುವುದು ಇನ್ನೊಂದು ಸೋಮಾರಿತನ. ಪೋಲೆಂಡಿಗೂ ರಷ್ಯಾದ ಅನಿಲ ಬೇಕಿತ್ತು. ಅದರ ನೆನಪುಗಳು ಅನಿಲಕ್ಕಿಂತ ಹಳೆಯವು.

ಜರ್ಮನಿ ಈಗ ಹಡಗಿನ ಕಡೆಗೆ ವಾಲಿದೆ. ವಿಲ್ಹೆಲ್ಮ್ಸ್‌ಹಾಫೆನ್ ಬಂದರಿನಲ್ಲಿ ಮೊದಲ ದ್ರವೀಕೃತ ಅನಿಲದ ಟರ್ಮಿನಲ್ 2022ರ ಡಿಸೆಂಬರ್‌ನಲ್ಲೇ, ಸುಮಾರು 200 ದಿನಗಳಲ್ಲಿ ಸಿದ್ಧವಾಯಿತು. ಜರ್ಮನಿಯ ಇಂಥ ಟರ್ಮಿನಲ್‌ಗಳಿಗೆ ಬರುವ ಅನಿಲದ ಸಿಂಹಪಾಲು ಅಮೆರಿಕದ್ದು. 2025ರ ಜುಲೈನಲ್ಲಿ ಯುರೋಪಿಯನ್ ಒಕ್ಕೂಟ ಸುಂಕದ ಜಗಳ ತಣ್ಣಗಾಗಿಸಲು ಅಮೆರಿಕದಿಂದ 75,000 ಕೋಟಿ ಡಾಲರ್ ಮೌಲ್ಯದ ಇಂಧನ ಕೊಳ್ಳುವುದಾಗಿ ಟ್ರಂಪ್‌ಗೆ ಮಾತು ಕೊಟ್ಟಿತು. ಒಬ್ಬನನ್ನೇ ನೆಚ್ಚಬಾರದು ಎಂದು ರಷ್ಯಾದ ವಿಷಯದಲ್ಲಿ ಎಚ್ಚರಿಸುತ್ತಿದ್ದ ಯುರೋಪಿನ ಇಂಧನ ತಜ್ಞರು ಈಗ ಅದೇ ಮಾತನ್ನು ಅಮೆರಿಕದ ಬಗ್ಗೆ ಹೇಳತೊಡಗಿದ್ದಾರೆ. ಮಿತ್ರದೇಶವಲ್ಲವೇ, ಏನಾಗುತ್ತದೆ ಎಂದು ಕೇಳುವವರೂ ಇದ್ದಾರೆ.